ಬರಿಗಾಲಲ್ಲಿ ಹುಡುಕಿದ ನೆಟ್‌ವರ್ಕು

ಲಿಂಗಸುಗೂರಿನ ತಹಶೀಲ್ ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಕಿರುಗುಟ್ಟುವ ಒಂದು ಫ್ಯಾನು. ಪಹಣಿ ತೆಗೆಯುವುದಿರಲಿ, ನೌಕರಿಗೆ ಅರ್ಜಿ ಹಾಕುವುದಿರಲಿ, ಜನ ಬೇರೆ ಅಂಗಡಿ ದಾಟಿ ನನ್ನ ಹತ್ತಿರ ಬರುತ್ತಾರೆ. ಯಾಕೆಂದರೆ ನನ್ನ ಕೈಯಿಂದ ಹೋದ ಅರ್ಜಿ ತಿರುಗಿ ಬಂದದ್ದಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ನಾನು ಕೆಲಸ ಬಲ್ಲವಳು, ಬಾಯಿಯೂ ಜೋರು, ಎರಡನ್ನೂ ಯಾವತ್ತೂ ಮುಚ್ಚಿಟ್ಟವಳಲ್ಲ.

ನಮ್ಮ ಧಂದೆಯಲ್ಲಿ ಒಂದು ರೂಢಿ ಇದೆ. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳುತ್ತದಲ್ಲ, ಅಲ್ಲಿ ನಮ್ಮದೇ ನಂಬರ್ ಹಾಕಿಬಿಡುತ್ತೇವೆ. ಹಳ್ಳಿಯಿಂದ ಬಂದವರ ಫೋನು ಗಂಡನ ಹತ್ತಿರ ಇರುತ್ತದೆ, ಇಲ್ಲವೇ ಸಿಮ್ ಬಂದ್ ಆಗಿರುತ್ತದೆ. ಒಟಿಪಿ ಎಂಬ ಆರಂಕಿಯ ಗುಟ್ಟು ನಂಬರಿಗಾಗಿ ಅವರ ಮುಖ ನೋಡುತ್ತ ಕೂತರೆ ಸಂಜೆಯಾಗುತ್ತದೆ. ನಮ್ಮ ಫೋನಿಗೇ ಬಂದರೆ ಒಂದು ನಿಮಿಷದ ಕೆಲಸ. ಹೀಗೆ ಅರ್ಧ ತಾಲೂಕಿನ ಗುಟ್ಟು ನನ್ನ ಫೋನಿಗೆ ಬರುತ್ತಿತ್ತು, ಅದರಲ್ಲಿ ನನಗೆ ಹೆಮ್ಮೆಯೂ ಇತ್ತು.

ಆ ವರ್ಷ ಶ್ರೀಶೈಲಕ್ಕೆ ನನ್ನ ಮೂರನೆಯ ಪಾದಯಾತ್ರೆ. ಮೂರು ವರ್ಷ ಯುಗಾದಿಯ ಮುಂಚೆ ಬರಿಗಾಲಲ್ಲಿ ನಡೆಯುತ್ತೇನೆ, ದಾರಿಯಲ್ಲಿ ಯಾವ ಗಾಡಿಯನ್ನೂ ಹತ್ತುವುದಿಲ್ಲ ಅಂತ ಅಲ್ಲಿಯ ದೇವರು ಮಲ್ಲಯ್ಯನಿಗೆ ಹರಕೆ ಹೊತ್ತಿದ್ದೆ. ಎರಡು ಮುಗಿದಿದ್ದವು. ಮೊದಲ ದಿನ ಮಸ್ಕಿ, ಎರಡನೆಯ ದಿನ ಬಳಗಾನೂರಿನ ಕಡೆಯಿಂದ ಸಿಂಧನೂರು, ಅಲ್ಲಿಂದ ಮುಂದೆ. ಹಾಸಿಗೆ, ಪಾತ್ರೆ, ಚೀಲಗಳನ್ನೆಲ್ಲ ಹೊತ್ತು ನಮ್ಮ ಗುಂಪಿನ ಟೆಂಪೋ ಮುಂದೆ ಹೋಗುತ್ತದೆ, ನಾವು ಕೈಬೀಸಿ ಹಿಂದೆ ನಡೆಯುತ್ತೇವೆ. ಫೋನು ಕೈಯಲ್ಲಿದ್ದರೆ ಯಾತ್ರೆಯಲ್ಲೂ ಅಂಗಡಿ ನಡೆಯುತ್ತದೆ ಅಂತ ಹಿಂದಿನ ದಿನವೇ ಅದನ್ನು ಸೈಲೆಂಟ್ ಮಾಡಿ ಚೀಲಕ್ಕೆ ಹಾಕಿದ್ದೆ. ಹೊರಡುವಾಗ ಟೆಂಪೋದ ಡ್ರೈವರಿಗೆ ಕೊಟ್ಟು, ‘ಚಾರ್ಜಿಗೆ ಹಾಕಿರಪಾ, ನನಗ ಬ್ಯಾಡ’ ಅಂದೆ. ಎಷ್ಟು ಹಗುರ ಅನ್ನಿಸಿತ್ತು!

ನಸುಕಿನಲ್ಲಿ ಊರು ಬಿಟ್ಟೆವು. ಬಿಸಿಲು ಏರಿದ ಮೇಲೆ ದಾರಿಯ ಒಂದು ಗುಡಿಯಲ್ಲಿ ಉಂಡು ಮಲಗಿ, ಇಳಿಹೊತ್ತಿಗೆ ಮತ್ತೆ ಹೆಜ್ಜೆ ಹಾಕಿದೆವು. ಮಸ್ಕಿ ಇನ್ನು ಹನ್ನೆರಡು ಕಿಲೋಮೀಟರ್ ಇರುವಾಗ ಒಂದು ಸಣ್ಣ ಊರು. ಊರ ಮುಂದೆ ಬೇವಿನ ಮರದ ಕೆಳಗೆ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ನಮ್ಮ ಕಡೆ ಇದು ಪದ್ಧತಿ. ಯಾತ್ರಿಕರು ಬಂದರೆ ಕಾದ ಡಾಂಬರಿನ ಮೇಲೆ ನೀರು ಸುರಿಯುತ್ತಾರೆ, ಕಾಲು ತೊಳೆಯುತ್ತಾರೆ, ಮಜ್ಜಿಗೆ ಕೊಟ್ಟು ಕಾಲಿಗೆ ಬೀಳುತ್ತಾರೆ. ನಡೆಯುವವರು ಯಾರೇ ಇರಲಿ, ಆ ಹೊತ್ತಿಗೆ ಅವರೇ ಮಲ್ಲಯ್ಯ.

ನನ್ನ ಕಾಲು ತೊಳೆದು, ಹಣೆ ಹಚ್ಚಿ ನಮಸ್ಕಾರ ಮಾಡಿದ ಹೆಂಗಸು ತಲೆ ಎತ್ತಿದಾಗ ಗುರುತು ಸಿಕ್ಕಿತು. ಎಂಟು ದಿನದ ಹಿಂದೆ ಅಂಗಡಿಗೆ ಬಂದಿದ್ದಳು. ಗಂಡ ಕುರಿ ಹಿಂಡಿನ ಜೊತೆ ಊರೂರು ತಿರುಗುವವನು. ಇವಳು ಮದುವೆಯಾದ ಮೇಲೆ ಹಟ ಹಿಡಿದು ಓದಿ ಪಿಯುಸಿ ಪಾಸಾದವಳು. ಅವಳ ಓಣಿಯ ಅಂಗನವಾಡಿಯಲ್ಲೇ ಕಾರ್ಯಕರ್ತೆಯ ಕೆಲಸ ಖಾಲಿ ಬಿದ್ದಿತ್ತು. ಅರ್ಜಿ ಹಾಕಲು ಅವಳಿಗೆ ಇದೇ ಕೊನೆಯ ವರ್ಷ, ಮುಂದಿನ ಸಲಕ್ಕೆ ವಯಸ್ಸು ದಾಟುತ್ತಿತ್ತು.

‘ಅಕ್ಕಾರ, ನಿನ್ನೆ ನಿಮ್ಮ ಅಂಗಡಿಗೆ ಬಂದಿದ್ನಿರೀ, ಕೀಲಿ ಹಾಕಿತ್ತು,’ ಅಂದಳು. ‘ಫೋನೂ ಮಾಡಿದ್ನಿರೀ. ರಸೀದಿ ಕೊಡ್ತೀನಿ ಅಂದಿದ್ರಿ, ಬರ್ಲಿಲ್ಲ. ಇವತ್ತ ಐದಕ್ಕ ಬಂದ್ ಆಗ್ತೈತಂತರೀ ಅರ್ಜಿ. ನಂದು ಹೋಗೈತೋ ಇಲ್ಲೋ?’

ಮಜ್ಜಿಗೆಯ ಲೋಟ ಕೆಳಗಿಟ್ಟೆ.

ಹೋಗಿರಲಿಲ್ಲ. ಅವತ್ತು ಎಲ್ಲ ತುಂಬಿಸಿದ್ದೆ, ಅವಳ ಫೋಟೋ, ಅವಳ ಸಹಿ ಎರಡನ್ನೂ ಏರಿಸಿದ್ದೆ. ಕೊನೆಯ ಒಂದು ಬಟನ್ ಒತ್ತುವ ಹೊತ್ತಿಗೆ ಸರ್ವರ್ ಗಿರಗಿರ ತಿರುಗುತ್ತ ನಿಂತಿತು. ‘ಆತು, ನೀ ಬಸ್ಸಿಗೆ ಹೋಗವಾ, ನಾ ನೋಡ್ಕೊಂತೀನಿ’ ಅಂತ ಕಳಿಸಿದೆ. ಆಮೇಲೆ ಮತ್ತೊಬ್ಬರು ಬಂದರು, ಮಗದೊಬ್ಬರು ಬಂದರು. ಯಾತ್ರೆಯ ತಯಾರಿಯಲ್ಲಿ ನಾನು ಅದನ್ನು ಮರೆತೇಬಿಟ್ಟೆ. ಅಂಥ ಹೆಂಗಸು ಈಗ ನನ್ನ ಕಾಲಿನ ಧೂಳನ್ನು ಹಣೆಗೆ ಹಚ್ಚಿಕೊಂಡು ನಿಂತಿದ್ದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಚಿಕೆ ಅಂದರೆ ಏನು ಅಂತ ನನಗೆ ಅವತ್ತೇ ಗೊತ್ತಾದದ್ದು.

‘ಹೋಗಿಲ್ಲ,’ ಅಂದೆ. ‘ತಪ್ಪು ನಂದ. ಟೈಮ್ ಎಷ್ಟು?’

ನಾಲ್ಕು ಹತ್ತು. ಪುಣ್ಯಕ್ಕೆ ಅಳುತ್ತ ಕೂರುವ ಜಾತಿ ನನ್ನದಲ್ಲ. ನನ್ನ ಫೋನು ಟೆಂಪೋದ ಜೊತೆ ಮಸ್ಕಿ ಸೇರಿದೆ ಅಂತ ನೆರೆದವರಿಗೆ ಹೇಳಿದೆ.

ಆ ಊರಿನ ಒಬ್ಬ ಗಂಡಸು ಬೈಕ್ ಸ್ಟಾರ್ಟ್ ಮಾಡಿಯೇಬಿಟ್ಟ. ‘ಹತ್ರಿ ಅಕ್ಕಾರ, ಇಪ್ಪತ್ತೈದು ನಿಮಿಷಕ್ಕ ಮಸ್ಕಿ. ಅಲ್ಲಿ ನಿಮ್ಮ ಫೋನೂ ಐತಿ, ನೆಟ್ಟೂ ಐತಿ.’ ನಾನು ಸೆರಗು ಸಿಕ್ಕಿಸಿ ಕಾಲೆತ್ತಿದೆ. ಮೂರು ವರ್ಷದ ಹರಕೆ ಕಣ್ಣ ಮುಂದೆ ಬಂತು, ಸುಳ್ಳು ಹೇಳುವುದಿಲ್ಲ. ಆದರೂ ಕಾಲೆತ್ತಿದೆ. ಅಷ್ಟರಲ್ಲಿ ಅವಳೇ ನನ್ನ ರಟ್ಟೆ ಹಿಡಿದು ಎಳೆದಳು.

‘ಬ್ಯಾಡ್ರೀ! ನನ್ನ ಸಲುವಾಗಿ ನಿಮ್ಮ ಹರಕಿ ಮುರೀಬ್ಯಾಡ್ರಿ. ಅದನ್ನ ಹೊತ್ಕೊಂಡು ನಾ ಆ ಕೆಲಸ ಹ್ಯಾಂಗ ಮಾಡ್ಲಿ? ನಮ್ಮ ಬಂಡಿಗಲ್ಲಿನ ಮ್ಯಾಲ ನೆಟ್ ಬರ್ತೈತಿ. ಮೈದುನನ ಕಡೆ ದೊಡ್ಡ ಫೋನ್ ಐತಿ.’

‘ಬರದಿದ್ರ?’

‘ಬರ್ತೈತಿ.’

ಮಧ್ಯಾಹ್ನದಿಂದ ಊರಲ್ಲಿ ಕರೆಂಟ್ ಇರಲಿಲ್ಲ, ಟವರ್ ಮಲಗಿತ್ತು. ಇಂಥ ಹೊತ್ತಿನಲ್ಲಿ ಊರವರೆಲ್ಲ ಫೋನಿನಲ್ಲಿ ಮಾತಾಡಲು ಹತ್ತುವುದು ಊರ ಹಿಂದಿನ ಆ ದೊಡ್ಡ ಬಂಡೆಯನ್ನು. ಪಾಮನಕಲ್ಲೂರಿನ ಕಡೆಯ ಟವರ್ ಅಲ್ಲಿಗೆ ನಿಲುಕುತ್ತದಂತೆ. ನಮ್ಮ ಗುಂಪಿನ ಹಿರಿಯ ಅಜ್ಜ ಕಿಸೆಯಿಂದ ಸಣ್ಣ ಡೈರಿ ತೆಗೆದು, ಟೆಂಪೋ ಡ್ರೈವರನ ನಂಬರಿದ್ದ ಹಾಳೆಯನ್ನು ಹರಿದು ಕೊಟ್ಟ. ‘ನಡಿ ತಂಗಿ, ಇದೂ ಯಾತ್ರಿನ. ನಾವು ಕುಂತಿರ್ತೀವಿ.’

ಬಂಡೆ ಅಂದರೆ ಬಂಡೆ! ಇಡೀ ದಿನ ಬಿಸಿಲು ಕುಡಿದ ಕಲ್ಲು. ಬೆಳಗಿನಿಂದ ನಡೆದು ಗುಳ್ಳೆ ಎದ್ದ ಕಾಲನ್ನು ಅದರ ಮೇಲೆ ಇಟ್ಟದ್ದೇ, ‘ಅಯ್ಯೋ ಶಿವನೇ’ ಅಂತ ಚೀರಿದೆ. ‘ಚಪ್ಪಲ್ ಹಾಕ್ಕೋರಿ’ ಅಂತ ಯಾರೋ ಅಂದರು. ಬೈಕೇ ಬೇಡ ಅಂದವಳ ಮುಂದೆ ಚಪ್ಪಲಿ ಹೇಗೆ ಹಾಕಿಕೊಳ್ಳಲಿ? ಕುಣಿಯುತ್ತ ಕುಣಿಯುತ್ತ ಮೇಲೆ ಹತ್ತಿದೆ. ಹಿಂದಿನಿಂದ ಬೇವಿನ ಮರದ ಹೆಂಗಸರೆಲ್ಲ ಕೊಡ ಹೊತ್ತು ಹತ್ತಿ ಬಂದರು. ನಾನು ನಿಂತಲ್ಲಿ ಒಬ್ಬಳು ನೀರು ಸುರಿದಳು. ಚುಂಯ್ ಅಂತ ಕಲ್ಲು ಕುಡಿದುಬಿಟ್ಟಿತು. ಇನ್ನೊಬ್ಬಳು ಸುರಿದಳು.

ಮೈದುನ ಓಡಿಬಂದು ಕೊಟ್ಟ ಫೋನಿನಲ್ಲಿ ನೆಟ್ಟಿನ ಎರಡು ಕಡ್ಡಿ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದಳು. ಅವತ್ತು ನಾನೇ ಬರೆದುಕೊಟ್ಟ ಅರ್ಜಿಯ ಸಂಖ್ಯೆ. ಎಂಟು ದಿನ ಜೋಪಾನ ಮಾಡಿದ್ದಳು, ಒಂದು ಮಡಿಕೆಯೂ ಹರಿದಿರಲಿಲ್ಲ. ಸಂಖ್ಯೆ ಹಾಕಿದೆ, ಪಾಸ್‌ವರ್ಡ್ ಹಾಕಿದೆ. ಒಟಿಪಿ ಕಳಿಸಿದ್ದೇವೆ ಅಂತ ಬಂತು. ಎಲ್ಲಿಗೆ? ಮಸ್ಕಿಯಲ್ಲಿ ಟೆಂಪೋದೊಳಗೆ ಚಾರ್ಜಿಗೆ ಹಾಕಿದ್ದ ನನ್ನ ಫೋನಿಗೆ!

ಡ್ರೈವರಿಗೆ ಫೋನ್ ಮಾಡಬೇಕು. ಆದರೆ ಇದೇ ಫೋನಿನಿಂದ ಮಾತಾಡಿದರೆ ನೆಟ್ ಕಟ್ಟಾಗುತ್ತದೆ. ಅವಳ ಹತ್ತಿರ ಒಂದು ಕೀಪ್ಯಾಡ್ ಫೋನ್ ಇತ್ತು, ಅದಕ್ಕೆ ಸಿಗ್ನಲ್ ಬರುವುದು ಬಂಡೆಯ ಆ ತುದಿಯಲ್ಲಿ ಮಾತ್ರ. ಅವಳು ಆ ತುದಿಗೆ ಓಡಿದಳು. ನಡುವೆ ಐವತ್ತು ಹೆಜ್ಜೆ, ಮೇಲೆ ಭರ್ರೆನ್ನುವ ಗಾಳಿ.

‘ಎತ್ತವಲ್ಲನ್ರೀ!’ ಅಂತ ಕೂಗಿದಳು.

‘ಮತ್ತ ಹಚ್ಚು!’

ಮೂರನೆಯ ಸಲ ಎತ್ತಿದ. ಮಹಾರಾಯ ಜಳಕ ಮಾಡುತ್ತಿದ್ದನಂತೆ. ನನ್ನ ಫೋನು ಹುಡುಕಿ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಮೊದಲ ಒಟಿಪಿಯ ಅವಧಿ ಮುಗಿಯಿತು. ನಾಲ್ಕು ಮೂವತ್ತೈದು. ಇನ್ನು ಬೈಕ್ ಹತ್ತಿದರೂ ಮಸ್ಕಿ ಮುಟ್ಟುವುದರೊಳಗೆ ಐದು. ಬಂಡೆ ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಆ ತುದಿಯಿಂದ ನನ್ನನ್ನೇ ನೋಡುತ್ತಿದ್ದಳು.

ಎರಡನೆಯ ಸಲ ಒಟಿಪಿ ಕಳಿಸಿದೆ. ಅವಳು ಫೋನಿಗೆ ಕಿವಿಗೊಟ್ಟು, ಮತ್ತೆ ನನ್ನ ಕಡೆ ತಿರುಗಿ ಕೂಗಿದಳು. ‘ಮಿಸ್ಡ್ ಕಾಲ್ ತುಂಬ್ಯಾವಂತ್ರಿ, ನಂಬರ್ ಕಾಣವಲ್ದಂತ!’

ಆ ಮಿಸ್ಡ್ ಕಾಲ್ ಎಲ್ಲ ನಿನ್ನೆ ಅವಳೇ ಮಾಡಿದ್ದು. ಎದೆಗೆ ಚುಚ್ಚಿತು, ಆದರೆ ಚುಚ್ಚಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ‘ಕೆಳಗ ಸರಿಸು ಅಂತ ಹೇಳ, ಬೆರಳಿಲೆ!’ ಅಂತ ಅರಚಿದೆ. ಸರಿಸಿದ. ಅವಳು ಒಂದೊಂದೇ ಅಂಕಿಯನ್ನು ಗಂಟಲು ಹರಿಯುವಂತೆ ಕೂಗಿದಳು. ನಾನು ಕೇಳಿದ್ದನ್ನು ತಿರುಗಿ ಕೂಗಿ ಒತ್ತಿದೆ. ಕೊಡದ ಹೆಂಗಸರೂ ಜೊತೆಗೆ ಕೂಗಿದರು. ಗುಟ್ಟಿನ ನಂಬರು ಸುತ್ತಲಿನ ನಾಲ್ಕು ಹೊಲಕ್ಕೆ ಕೇಳಿಸಿತು.

ಪುಟ ತೆರೆಯಿತು. ಅವಳ ಫೋಟೋ, ಅವಳ ಸಹಿ, ಎಂಟು ದಿನದಿಂದ ಹಾಗೇ ಕೂತಿದ್ದವು. ಕೆಳಗೆ ಆ ಒಂದು ಬಟನ್. ಒತ್ತಿದೆ. ಗಿರಗಿರ, ಗಿರಗಿರ. ಕಾಲ ಕೆಳಗೆ ನೀರು ಆರಿ ಕಲ್ಲು ಮತ್ತೆ ಸುಡತೊಡಗಿತು. ಕೊಡಗಳೆಲ್ಲ ಬರಿದಾಗಿದ್ದವು. ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಎರಡು ಕಡ್ಡಿ ಒಂದಾಗುತ್ತಿತ್ತು. ಸುಡಲಿ, ಇದು ನನಗೆ ಸಲ್ಲಬೇಕಾದದ್ದೇ ಅಂದುಕೊಂಡೆ.

ನಾಲ್ಕು ಐವತ್ತೆರಡಕ್ಕೆ ಹಸಿರು ಅಕ್ಷರ ಬಂತು. ‘ಹೋತು! ಹೋತು ನೋಡು!’ ಅಂತ ಎರಡೂ ಕೈ ಎತ್ತಿ ಕೂಗಿದೆ. ಅವಳು ಅಲ್ಲೇ ಕುಕ್ಕರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೆಳಗಿಳಿದ ಮೇಲೆ ನಾನು ಅವಳೆದುರು ನಿಂತೆ. ‘ಬೈ ನನ್ನ. ಎಂಟು ದಿನ ನಿನ್ನ ಅರ್ಜಿ ಮ್ಯಾಲ ಕುಂತೀನಿ. ಇಷ್ಟು ಜನರ ಮುಂದನ ಬೈ.’

ಅವಳು ನನ್ನ ಕಾಲಿನ ಕಡೆ ನೋಡಿದಳು, ಆಮೇಲೆ ಮುಖ ನೋಡಿದಳು. ‘ಸಿಟ್ಟು ಬಂದೈತ್ರಿ,’ ಅಂದಳು. ‘ನಿನ್ನೆ ನಿಮ್ಮ ಕೀಲಿ ನೋಡಿದಾಗ ಭಾಳ ಬಂದಿತ್ತು. ಆದ್ರ ನೀವೀಗ ಮಲ್ಲಯ್ಯ. ನಡಿಯೋರ್ನ ಬೈಯಾಕ ಬರಂಗಿಲ್ಲ. ಹೋಗಿ ಬರ್ರಿ, ಬಂದ ಮ್ಯಾಲ ಬೈತೀನಿ.’

ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ‘ಬರೋಬ್ಬರಿ ಹೇಳಿದಿ ಬಿಡವಾ!’

ಮಸ್ಕಿ ಮುಟ್ಟಿದಾಗ ಕತ್ತಲಾಗಿತ್ತು. ಮರುದಿನ ಕಾಲುವೆಯ ನೆಲದಲ್ಲಿ, ಭತ್ತದ ಗದ್ದೆಗಳ ನಡುವೆ, ಬಟ್ಟೆ ಸುತ್ತಿದ ಕಾಲಲ್ಲಿ ಸಿಂಧನೂರಿಗೆ ನಡೆದೆ. ಅಲ್ಲಿ ನನ್ನಂಥವರದೇ ಒಂದು ಅಂಗಡಿ ಹುಡುಕಿ ರಸೀದಿ ಪ್ರಿಂಟ್ ತೆಗೆಸಿದೆ. ಅದು ನನ್ನ ಚೀಲದಲ್ಲಿ ಶ್ರೀಶೈಲದವರೆಗೂ ಬಂತು. ಮಲ್ಲಯ್ಯನ ಎದುರು ನಿಂತಾಗ ಹರಕೆ ಮುಗಿಯಿತು ಅನ್ನಿಸಲಿಲ್ಲ. ಬೈಗುಳ ಬಾಕಿ ಇತ್ತಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಬಂದೆ, ಚಪ್ಪಲಿ ಹಾಕಿಕೊಂಡು. ಮಸ್ಕಿ ದಾಟಿ ಆ ಬೇವಿನ ಮರದ ಹತ್ತಿರ ಇಳಿದು ಅವಳ ಮನೆ ಕೇಳಿಕೊಂಡು ಹೋದೆ. ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

‘ಬಂದೀನಿ. ಈಗ ನಾ ಮಲ್ಲಯ್ಯ ಅಲ್ಲ,’ ಅಂದೆ.

ಅವಳು ಮೊರ ಕೆಳಗಿಟ್ಟು, ಎದ್ದು ನಿಂತು ಬೈದಳು. ಅಬ್ಬಬ್ಬಾ! ನನ್ನ ಬಾಯಿಯೇ ಜೋರು ಅಂದುಕೊಂಡಿದ್ದೆ. ‘ಕುರಿ ದಡ್ಡ್ಯಾಗ ಚಿಮಣಿ ದೀಪ ಹಚ್ಕೊಂಡು ಓದೀನಿ ನಾ! ನಪಾಸಾದ್ರ ನಾನ ಆಗ್ಬೇಕು. ನಿನ್ನ ಗಡಿಬಿಡ್ಯಾಗ ನಾ ಯಾಕ ನಪಾಸಾಗ್ಲಿ? ಹೇಳು!’ ಅಂದಳು. ಅಕ್ಕಾರ ಇಲ್ಲ, ರೀ ಇಲ್ಲ. ನಾನು ಒಂದಕ್ಕೂ ಎದುರಾಡಲಿಲ್ಲ. ಜೀವನದಲ್ಲಿ ಮೊದಲ ಸಲ ಇರಬೇಕು.

ಅವಳು ಬೈದು ದಣಿದ ಮೇಲೆ ರಸೀದಿ ಕೊಟ್ಟೆ. ಬಿಸಿಲಿಗೆ ಹಿಡಿದು ಮೇಲಿಂದ ಕೆಳಗೆ ಓದಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ಇದರಾಗ ಇನ್ನೂ ನಿನ್ನ ನಂಬರ ಐತಿ. ನಾಳೆ ಅವರು ಕರದ್ರ ಯಾರಿಗೆ ಕರೀತಾರ? ನಿನ್ನ ಚೀಲಕ್ಕ?’

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ!

ಅವತ್ತು ಕರೆಂಟ್ ಇತ್ತು, ಟವರ್ ಎದ್ದಿತ್ತು. ಅರ್ಜಿಯ ಗಡುವು ಮುಗಿದಿದ್ದರೂ ಮೊಬೈಲ್ ನಂಬರ್ ಮಾತ್ರ ಬದಲಿಸಲು ಬರುತ್ತಿತ್ತು. ಅಲ್ಲೇ ಹೊಸ್ತಿಲ ಮೇಲೆ ಕೂತು ನನ್ನ ಫೋನಿನಲ್ಲಿ ಅರ್ಜಿ ತೆಗೆದು, ನನ್ನ ನಂಬರ್ ಅಳಿಸಿ ಅವಳದು ಹಾಕಿದೆ. ಅವಳ ಕೈಯೊಳಗಿನ ಕೀಪ್ಯಾಡ್ ಫೋನು ಟಿಣ್ ಅಂದಿತು. ತನ್ನ ಹೆಸರಿನ ಅರ್ಜಿಗೆ, ತನ್ನ ಫೋನಿಗೆ ಬಂದ ಮೊದಲ ಒಟಿಪಿ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, ಆರೂ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದಳು. ನಾನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರೂ, ಅವತ್ತು ಬಂಡೆಯ ಮೇಲೆ ಕೂಗಿದಷ್ಟೇ ಜೋರಾಗಿ ಕೂಗಿ ಹೇಳಿದಳು.