ಐಸ್ ಕೋಣೆಯ ಪುಸ್ತಕದ ಕಾಕಾ

ಅವರ ಎಡಗಣ್ಣು ಬೇಯಿಸಿದ ಬಂಗುಡೆಯ ಕಣ್ಣಿನ ಹಾಗೆ ಬೆಳ್ಳಗಿತ್ತು. ಕಾಣುವ ಬಲಗಣ್ಣನ್ನು ಅವರು ದೊಡ್ಡವರ ಕಡೆಗೆ, ರಸ್ತೆಯ ಕಡೆಗೆ, ಚಿಲ್ಲರೆಯ ಡಬ್ಬಿಯ ಕಡೆಗೆ ತಿರುಗಿಸುತ್ತಿದ್ದರು. ಮಕ್ಕಳು ಎದುರಿಗೆ ಬಂದು ಕುಳಿತರೆ ಮಾತ್ರ ಮುಖವನ್ನು ಓರೆ ಮಾಡಿ ಆ ಬಿಳಿಯ ಕಣ್ಣನ್ನು ಅವರ ಮೇಲೆ ಇಡುತ್ತಿದ್ದರು. ಕಾಣದ ಕಣ್ಣಿನಿಂದ ಏನು ನೋಡುತ್ತಿದ್ದರೋ, ಇವತ್ತಿಗೂ ನನಗೆ ತಿಳಿಯದು. ಮಕ್ಕಳು ಹೆದರುತ್ತಿರಲಿಲ್ಲ. ಹೆದರುತ್ತಿದ್ದವಳು ನಾನು.

ಕಾಪುವಿನಲ್ಲಿ ಕಡಲಿಗೆ ಹೋಗುವ ಒಂದು ಓಣಿಯಲ್ಲಿ ಅವರ ಅಂಗಡಿ ಇತ್ತು. ಹಿಂದೆ ಅದು ಮೀನಿಗೆ ಹಾಕುವ ಐಸ್ ಇಡುತ್ತಿದ್ದ ಕೋಣೆಯಂತೆ. ದಪ್ಪ ಗೋಡೆ, ಕಿಟಕಿಯಿಲ್ಲ, ಒಂದೇ ಬಾಗಿಲು. ಐಸ್ ಹೋಗಿ ಎಷ್ಟೋ ವರ್ಷ ಆಗಿದ್ದರೂ ತಂಪು ಮಾತ್ರ ಹೋಗಿರಲಿಲ್ಲ. ಹೊರಗೆ ಬೆವರು ಸುರಿಯುವ ಬಿಸಿಲಿದ್ದರೂ ಹೊಸ್ತಿಲು ದಾಟಿದ ಕೂಡಲೇ ಹಿಮ್ಮಡಿಯಿಂದ ಚಳಿ ಏರುತ್ತಿತ್ತು. ಬಾಗಿಲಲ್ಲಿ ನಿಂತರೆ ಕಡಲು ಕೇಳಿಸುತ್ತಿರಲಿಲ್ಲ. ಒಳಗಿನ ಗೋಡೆಗೆ ಕಿವಿ ಕೊಟ್ಟರೆ ಕೇಳಿಸುತ್ತಿತ್ತು. ಆ ಕೋಣೆಯೊಳಗೆ ಒಂದು ಮಗುವೂ ಅತ್ತದ್ದನ್ನು ನಾನು ಕಾಣಲಿಲ್ಲ. ರಸ್ತೆಯಲ್ಲಿ ಹಟ ಹಿಡಿದು ಹೊರಳಾಡುತ್ತಿದ್ದದ್ದೂ ಒಳಗೆ ಬಂದರೆ ಸುಮ್ಮನಾಗುತ್ತಿತ್ತು.

ಅಲ್ಲಿ ಮಾರುತ್ತಿದ್ದದ್ದು ಸಣ್ಣ ಮಕ್ಕಳ ಚಿತ್ರದ ಪುಸ್ತಕ. ಕಾಡಿನದು, ಕಡಲಿನದು, ಹುಳುಗಳದು, ದೋಣಿ ಹತ್ತಿ ಹೋಗುವ ಹುಡುಗಿಯದು, ಬೆಟ್ಟದಲ್ಲಿ ದಾರಿ ತಪ್ಪಿದ ಅಣ್ಣ ತಮ್ಮಂದಿರದು. ಕಾಕಾ ಬ್ಯಾರಿ ಜನ, ಈ ಕರಾವಳಿಯ ಮುಸಲ್ಮಾನರು. ಪ್ರಾಯದಲ್ಲಿ ಗಲ್ಫಿಗೆ ಹೋಗಿ ಪುಸ್ತಕದ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತವರು. ಪೆಟ್ಟಿಗೆ ಹೊರುತ್ತಾ ಹೊರುತ್ತಾ ಒಳಗಿನದ್ದನ್ನು ಬಿಡಿಸಿ ನೋಡುವ ಹುಚ್ಚು ಹಿಡಿಯಿತಂತೆ. ಊರಿಗೆ ಬಂದು ಈ ಅಂಗಡಿ ಹಾಕಿದರು. ನಮ್ಮ ಬಾದಾಮಿ ಕಡೆ ಕಾಕಾ ಎಂದರೆ ಅಪ್ಪನ ತಮ್ಮ. ಇಲ್ಲಿ ಬ್ಯಾರಿ ಹಿರಿಯರನ್ನು ಎಲ್ಲರೂ ಕಾಕ ಎನ್ನುತ್ತಾರೆ. ಹಾಗಾಗಿ ಕರೆಯಲು ನನಗೆ ಹೊಸ ಮಾತು ಕಲಿಯುವ ಕಷ್ಟ ಬರಲಿಲ್ಲ.

ಪ್ಯಾಂಟು ಹಾಕಿದ ಕರಡಿಯ ಪುಸ್ತಕವನ್ನು ಅವರು ಅಂಗಡಿಯೊಳಗೆ ಸೇರಿಸುತ್ತಿರಲಿಲ್ಲ. ಕರಡಿಗೆ ಟೈಲರ್ ಯಾರು ಎಂದು ಕೇಳುತ್ತಿದ್ದರು. ಹೊಸ ಪುಸ್ತಕ ಬಂದರೆ ಮೊದಲು ಕೊನೆಯ ಹಾಳೆ ತೆಗೆಯುತ್ತಿದ್ದರು. ಕಾಡಿಗೋ ಕಡಲಿಗೋ ಹೋದ ಮಗು ಕೊನೆಯ ಚಿತ್ರದಲ್ಲಿ ಮನೆಯೊಳಗೆ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದನ್ನು ಕಟ್ಟಿ ವಾಪಸು ಕಳಿಸುತ್ತಿದ್ದರು. ಬರೀ ಬಣ್ಣದ ಕಾಗದಕ್ಕೆ ಇಷ್ಟು ಯಾಕೆ ಎಂದು ನಾನು ಒಳಗೇ ನಗುತ್ತಿದ್ದೆ. ಆಮೇಲೆ ನಗು ನಿಂತಿತು.

ನಾನು ಶಾಲೆಗೆ ಹೋದದ್ದು ಮೂರನೇ ಇಯತ್ತೆಯ ತನಕ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಗಾರೆ ಕೆಲಸಕ್ಕೆ ಈ ಕಡೆ ಬಂದು ಇಲ್ಲೇ ನಿಂತವರು ನಾವು. ಈಗ ನನ್ನ ಸೊಂಟ ಬಿದ್ದಿದೆ, ಮಗಳು ಅಳಿಯ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗನನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸಕ್ಕಿಂತ ದೊಡ್ಡ ಕೆಲಸ ದೇವರು ಯಾರಿಗೂ ಕೊಟ್ಟಿಲ್ಲ ಎಂದು ನನ್ನ ಎಣಿಕೆ. ಇದನ್ನು ಹೇಳುವಾಗಲೂ ಅವನು ನನ್ನ ಬೆನ್ನಿಗೆ ಆತು ಕುಳಿತು ಏನೋ ಹರಟುತ್ತಿದ್ದಾನೆ. ಹರಟಲಿ. ನನ್ನ ಕಿವಿ ತುಂಬಿ ಚೆಲ್ಲಲಿ.

ಯಾಕೆಂದರೆ ಅವನು ಮಾತಾಡುತ್ತಿರಲಿಲ್ಲ. ಅವನ ಓರಗೆಯ ಮಕ್ಕಳು ಅಂಗಡಿಗೆ ಹೋಗಿ ಮಿಠಾಯಿ ಕೇಳುವಾಗ ನಮ್ಮವನು ಅವ್ವ ಎನ್ನುವುದನ್ನೂ ಕಲಿಯಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಕಿವಿ ನೋಡಿದರು, ಕಿವಿ ಸರಿ ಇದೆ ಎಂದರು. ಮಾತು ಕಲಿಸುವ ಡಾಕ್ಟರಮ್ಮ ಸಮಾಧಾನದಿಂದ ತಿಳಿಸಿ ಹೇಳಿದರು. ಮನೆಯಲ್ಲಿ ಅವನ ಜೊತೆ ಮಾತಾಡುತ್ತಲೇ ಇರಬೇಕು, ಮೊಬೈಲು ಕೊಡಬಾರದು, ಚಿತ್ರದ ಪುಸ್ತಕ ತೋರಿಸಿ ಒಂದೊಂದರ ಹೆಸರು ಹೇಳಬೇಕು. ಯಾವ ಪುಸ್ತಕ ಎಂದು ನಾನು ಕೇಳಿದೆ. ಅವನು ಮನಸ್ಸಿಟ್ಟು ನೋಡುವಂಥದ್ದು ಎಂದರು. ಯಾವುದನ್ನೂ ಮನಸ್ಸಿಟ್ಟು ನೋಡದ ಮಗುವಿಗೆ ಅದನ್ನು ಎಲ್ಲಿಂದ ತರಲಿ? ಹಾಗೆ ಹುಡುಕುತ್ತಾ ನಾನು ಐಸ್ ಕೋಣೆಯ ಬಾಗಿಲಿಗೆ ಬಂದೆ.

ನಾವು ಹೋದಾಗ ಮಣಿಪಾಲದಿಂದ ಕಾರಿನಲ್ಲಿ ಬಂದ ಗಂಡ ಹೆಂಡತಿ ಒಳಗಿದ್ದರು. ಅವರ ಮಗಳು ಚಾಪೆಯ ಮೇಲೆ ಕುಳಿತು ಒಂದು ಪುಸ್ತಕ ನೋಡುತ್ತಿದ್ದಳು. ಕಡಲಿನ ಅಡಿಯಲ್ಲಿ ಒಂದು ಗುಹೆ, ಗುಹೆಯೊಳಗೆ ಕಪ್ಪು ನೀರು. ಕಾಕಾ ಅವಳ ಹೆಸರು ಕೇಳಿಕೊಂಡು ಹಿಂದಿನಿಂದ ಮೆಲ್ಲಗೆ ಕರೆದರು. ಅದು ಅವರ ಪದ್ಧತಿ. ಮಗು ಚಿತ್ರ ನೋಡುವಾಗ ಹೆಸರು ಹಿಡಿದು ಕರೆಯುವುದು. ಕೂಡಲೇ ತಿರುಗಿದರೆ ಪುಸ್ತಕ ಸಪ್ಪೆ. ಸ್ವಲ್ಪ ತಡೆದು ತಿರುಗಿದರೆ ಆ ಪುಸ್ತಕ ಆ ಮಗುವಿನದು. ಎಷ್ಟು ಕರೆದರೂ ತಿರುಗದೇ ಹೋದರೆ?

ಆ ಹುಡುಗಿ ತಿರುಗಲಿಲ್ಲ. ತಾಯಿ ಕರೆದಳು, ಆಗಲೂ ಇಲ್ಲ. ರೆಪ್ಪೆ ಕೂಡ ಬಡಿಯಲಿಲ್ಲ. ಎಷ್ಟು ಏಕಾಗ್ರತೆ ನೋಡು ಎಂದು ತಂದೆ ಹೆಮ್ಮೆಯಿಂದ ನಕ್ಕ. ಕಾಕಾ ಬಗ್ಗಿ ಅಂಗೈಯಿಂದ ಪುಸ್ತಕ ಮುಚ್ಚಿಬಿಟ್ಟರು. ಆಗ ಹುಡುಗಿ, ನೀರಿನಲ್ಲಿ ಮುಳುಗಿ ಎದ್ದವರು ಉಸಿರು ಎಳೆಯುತ್ತಾರಲ್ಲ, ಹಾಗೆ ಉಸಿರು ಎಳೆದಳು. ತಾಯಿ ಅವಳ ಕೈ ಹಿಡಿದು, ಇದೇನು ಇಷ್ಟು ತಣ್ಣಗಾಗಿದೆ ಎಂದಳು.

ಆ ಪುಸ್ತಕವನ್ನು ಕಾಕಾ ಕೊಡಲಿಲ್ಲ. ತಂದೆಗೆ ಸಿಟ್ಟು ಬಂತು. "ಮಾರಲಿಕ್ಕೆ ಇಟ್ಟದ್ದಲ್ವಾ ಇದು?"

"ಮಾರಲಿಕ್ಕೇ ಇಟ್ಟದ್ದು. ಇವಳಿಗೆ ಅಲ್ಲ. ಇವಳು ಅಲ್ಲೇ ಉಳೀತಾಳೆ" ಎಂದು ಕಾಕಾ ಮೆತ್ತಗೆ ಹೇಳಿ, ಮರಳಿನಲ್ಲಿ ಓಡುವ ಏಡಿಗಳ ಪುಸ್ತಕವನ್ನು ತೆಗೆದುಕೊಟ್ಟರು. ಆ ಹುಡುಗಿ ಏಡಿ ನೋಡುತ್ತಿದ್ದಾಗ ಕರೆದರು. ಒಂದಿಷ್ಟು ಹೊತ್ತು ಬಿಟ್ಟು ತಿರುಗಿ ನಕ್ಕಳು. ತಾಯಿ ದುಡ್ಡು ಕೊಟ್ಟು ಹೋದಳು.

ನಮ್ಮೂರಿನಲ್ಲಿ ಹೊತ್ತು ಮುಳುಗುವಾಗ ಹೊರಗಿನಿಂದ ಯಾರಾದರೂ ಕೂಗಿದರೆ ಒಂದೇ ಕೂಗಿಗೆ ಓ ಎನ್ನಬಾರದು ಎನ್ನುತ್ತಾರೆ. ಇಲ್ಲಿ ಕೂಗುವವನು ಹೊರಗಿದ್ದಾನೋ, ಮಗು ಹೊರಗಿದೆಯೋ? ಎದ್ದು ಹೋಗೋಣ ಎನಿಸಿತು. ಆದರೆ ಮೊಮ್ಮಗ ಆಗಲೇ ಚಾಪೆಯ ಮೇಲೆ ಕುಳಿತಾಗಿತ್ತು.

ಆನೆ ತೋರಿಸಿದರು, ಕರೆದರು. ತಿರುಗಲಿಲ್ಲ. ನವಿಲು, ಜೇನು, ತಿಮಿಂಗಿಲ. ಯಾವುದಕ್ಕೂ ಇಲ್ಲ. ಅವನು ಯಾರು ಕರೆದರೂ ತಿರುಗುವುದಿಲ್ಲ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ಕಾಕಾ ಮುಖ ಓರೆ ಮಾಡಿ ಬಿಳಿಯ ಕಣ್ಣನ್ನು ಅವನ ಮೇಲೆ ಇಟ್ಟು, ಕಾಡಿನ ಪುಸ್ತಕವೊಂದರ ಹಾಳೆ ಮಗುಚುತ್ತಾ ಹೋದರು. ಒಂದು ಹಾಳೆಯಲ್ಲಿ ಬರೀ ಒಣಗಿದ ಎಲೆ ಇತ್ತು. ಬೇರೇನೂ ಇಲ್ಲ ಎಂದು ನನಗೆ ಕಂಡಿತು. ಮೊಮ್ಮಗ ಆ ಹಾಳೆಯ ಮೇಲೆ ಬಗ್ಗಿದ. ಕಾಕಾ ಕರೆದರು. ಕೋಣೆಯೊಳಗೆ ಗೋಡೆಯ ಕಡಲು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಅವನು ಕತ್ತು ತಿರುಗಿಸಿ ಕಾಕಾನ ಮುಖ ನೋಡಿದ. ಕರೆದಾಗ ತಿರುಗಿದ್ದು ಹುಟ್ಟಿದಂದಿನಿಂದ ಅದೇ ಮೊದಲ ಸಲ.

ಕಣ್ಣು ಒರೆಸಿಕೊಂಡು ನಾನೂ ಬಗ್ಗಿ ನೋಡಿದೆ. ಎಲೆಗಳ ನಡುವೆ, ಎಲೆಯದೇ ಬಣ್ಣದ ಒಂದು ಹಾವು ಸುರುಳಿ ಸುತ್ತಿ ಮಲಗಿತ್ತು.

"ಬ್ಯಾಡ್ರಿ ಕಾಕಾ, ಹಾವಿಂದು ಬ್ಯಾಡ" ಎಂದೆ. "ಆ ಮೊಲದ್ದ ಕೊಡ್ರಿ."

"ಮೊಲಕ್ಕೆ ಇವ ತಿರುಗ್ಲಿಲ್ಲ ಅಮ್ಮ. ಹಾವಿಗೆ ತಿರುಗಿದ. ನಾನು ಎಂತ ಮಾಡುದು ಹೇಳಿ?"

ಅವನ ಕಿವಿಯ ಹತ್ತಿರ ಬಗ್ಗಿ ಅವರು ಏನೋ ಒಂದು ಮಾತು ಹೇಳಿಕೊಟ್ಟರು. ನಾನು ಹಾವಿನ ಗುಂಗಿನಲ್ಲಿದ್ದೆ, ಅದನ್ನು ಕೇಳಿಸಿಕೊಳ್ಳಲಿಲ್ಲ. ಮನೆಗೆ ತಂದ ಮೇಲೆ ಅವನು ಆ ಒಂದೇ ಹಾಳೆ ತೆಗೆದಿಟ್ಟುಕೊಂಡು ಕೂರುತ್ತಿದ್ದ. ಮಗಳಿಗೆ ಇಷ್ಟವಾಗಲಿಲ್ಲ. ಮಲಗಿಸುವಾಗ ಪುಸ್ತಕವನ್ನು ಬೋರಲು ಹಾಕಿ ಮೇಲೆ ತಟ್ಟೆ ಮುಚ್ಚುತ್ತಿದ್ದಳು.

ಆಮೇಲೊಂದು ಮಧ್ಯಾಹ್ನ, ಊಟ ಮುಗಿಸಿ ನಾನು ಚಾಪೆಯಲ್ಲಿ ಅಡ್ಡಾಗಿದ್ದೆ. ನಮ್ಮದು ಬಾಡಿಗೆಯ ಒಂದೇ ಕೋಣೆ, ತಲೆಯ ಕಡೆ ತೆಂಗಿನ ಸಿಪ್ಪೆಯ ರಾಶಿ. ಮೊಮ್ಮಗ ಬಾಗಿಲಲ್ಲಿ ನಿಂತಿದ್ದ. ಮಲಗು ಬಾ ಎಂದು ಕರೆದೆ. ಬರಲಿಲ್ಲ. ಪುಸ್ತಕ ನೋಡುವಾಗಿನ ಅದೇ ನೋಟ. ರೆಪ್ಪೆ ಬಡಿಯದೆ ನನ್ನ ತಲೆಯ ಹಿಂದೆ ನೋಡುತ್ತಿದ್ದ. ಆಗ ಅವನ ಬಾಯಿ ತೆರೆಯಿತು.

"ಉಚ್ಚು" ಎಂದ.

ಮೊದಲ ಮಾತು! ನನ್ನ ಬಂಗಾರದ ಬಾಯಿಯ ಮೊದಲ ಮಾತು. ನಮ್ಮ ಕಡೆ ಉಚ್ಚಿ ಎಂದರೆ ಮಕ್ಕಳು ಮೂತ್ರಕ್ಕೆ ಹೇಳುವ ಮಾತು. ಸೊಂಟ ನೋವು ಎಲ್ಲಿ ಹೋಯಿತೋ, ನಾನು ಎದ್ದವಳೇ ಅವನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ತೆಂಗಿನ ಬುಡದಲ್ಲಿ ನಿಲ್ಲಿಸಿ ಚಡ್ಡಿ ಇಳಿಸಿ, ಹೊಯ್ಯಿ ನನ್ನಪ್ಪ ಎಂದೆ. ಅವನು ಹೊಯ್ಯಲಿಲ್ಲ. ಮನೆಯ ಕಡೆಗೇ ನೋಡುತ್ತಾ ಮತ್ತೆ ಅದನ್ನೇ ಹೇಳಿದ. ನಾನು ಅಳುತ್ತಾ ನಗುತ್ತಾ ಮನೆಯ ಯಜಮಾನಿಯನ್ನು ಕೂಗಿದೆ. ಆ ಅಮ್ಮ ಓಡಿ ಬಂದರು.

"ಮಾತಾಡಿದ್ನ್ರೀ ಅಮ್ಮಾರ, ಉಚ್ಚಿ ಬಂದೈತಿ ಅಂದ!"

ಆಗ ಅವನು ಮತ್ತೊಂದು ಸಲ ಹೇಳಿದ. ಆ ಅಮ್ಮನ ಮುಖದ ನಗು ಅಲ್ಲೇ ನಿಂತುಹೋಯಿತು. "ಮಾರಾಯ್ತಿ, ಅವ ಹೇಳುದು ಅದಲ್ಲ" ಎಂದರು. "ತುಳುವಲ್ಲಿ ಉಚ್ಚು ಅಂದ್ರೆ ಹಾವು."

ನಾನು ತಲೆ ಇಟ್ಟಿದ್ದ ದಿಂಬಿನ ಪಕ್ಕ, ಸಿಪ್ಪೆಯ ರಾಶಿಯ ಅಂಚಿನಲ್ಲಿ ಅದು ಸುರುಳಿ ಸುತ್ತಿ ಮಲಗಿತ್ತು. ಸಿಪ್ಪೆಯದೇ ಬಣ್ಣ. ಹಾವು ಹಿಡಿಯುವವನು ಬಂದು ಚೀಲಕ್ಕೆ ಹಾಕಿಕೊಳ್ಳುವಾಗ, ಇದು ಕಚ್ಚಿದ್ದರೆ ಮಣಿಪಾಲಕ್ಕೆ ಮುಟ್ಟುವುದು ಕಷ್ಟವಿತ್ತು ಎಂದ. ಮೊಮ್ಮಗನ ಮಾತು ನನಗೆ ಸರಿಯಾಗಿ ತಿಳಿದಿದ್ದರೆ ನಾನು ಹೆದರಿ ಅದೇ ಸಿಪ್ಪೆಯ ಮೇಲೆ ಕೈ ಊರಿ ಏಳುತ್ತಿದ್ದೆ. ತಪ್ಪು ತಿಳಿದದ್ದಕ್ಕೆ ಉಳಿದೆ.

ಮರುದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಐಸ್ ಕೋಣೆಗೆ ಓಡಿದೆ. ಕಾಕಾ ಎಲ್ಲವನ್ನೂ ಕೇಳಿದರು. ಬೆರಗಾಗಲಿಲ್ಲ. ಯಾವಾಗಲೋ ಕೇಳಿದ ಸುದ್ದಿಯನ್ನು ಮತ್ತೆ ಕೇಳುವವರ ಹಾಗೆ ತಲೆ ಆಡಿಸಿದರು. ಮಗು ಹೆದರಿತೇ ಎಂದು ಮಾತ್ರ ವಿಚಾರಿಸಿದರು. ಇಲ್ಲ ಎಂದೆ.

"ಹೆದರುದು ಎಂತಕ್ಕೆ? ಅವನಿಗೆ ಅದರ ಗುರುತು ಉಂಟಲ್ವಾ" ಎಂದರು.

ಉಚ್ಚಿ ಹೊಯ್ಯಿಸಲು ಓಡಿದ ಕಥೆಗೆ ಮಾತ್ರ ನಕ್ಕರು. ನಕ್ಕು ನಕ್ಕು ಬಿಳಿಯ ಕಣ್ಣಿನಲ್ಲೂ ನೀರು ಬಂತು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹಾವು ಬರುವುದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅವರು ಕಾಣುವ ಕಣ್ಣನ್ನು ನನ್ನ ಕಡೆ ತಿರುಗಿಸಿದರು. ನಾನು ರೊಟ್ಟಿಯ ಗಂಟು ಬಿಚ್ಚಿ ಅವರ ಮುಂದೆ ಇಟ್ಟೆ.

ಅಲ್ಲಿಂದ ಮೇಲೆ ಅವನಿಗೆ ಒಂದೊಂದೇ ಮಾತು ಬರತೊಡಗಿತು. ಡಾಕ್ಟರಮ್ಮ ಒಂದು ಕಡೆಯಿಂದ ಕಲಿಸಿದರು, ಕಾಕಾ ಇನ್ನೊಂದು ಕಡೆಯಿಂದ. ಎಲ್ಲವೂ ಒಂಟಿ ಮಾತು, ಎಲ್ಲವೂ ಕಾಕಾ ಹೇಳಿಕೊಟ್ಟ ತುಳು. ಹುಲಿಗೆ ಪಿಲಿ, ಹಕ್ಕಿಗೆ ಪಕ್ಕಿ, ಕಡಲಿಗೆ ಕಡಲ್. ಈ ವಯಸ್ಸಿನಲ್ಲಿ ಮೊಮ್ಮಗನ ಹಿಂದೆ ಕುಳಿತು ನಾನೂ ತುಳು ಕಲಿತೆ. ಆದರೆ ಎರಡು ಮಾತು ಕೂಡಿಸಿ ಹೇಳುವುದು ಅವನಿಗೆ ಬರಲಿಲ್ಲ. ಅದು ಯಾವಾಗ ಎಂದು ಕೇಳಿದರೆ ಡಾಕ್ಟರಮ್ಮ ಕಾಯಬೇಕು ಎನ್ನುತ್ತಿದ್ದರು. ಕಾಕಾ ಇನ್ನೊಂದು ಪುಸ್ತಕ ತೆಗೆದು ಹಾಳೆ ಮಗುಚುತ್ತಿದ್ದರು.

ಈ ಸಲ ಮೊಮ್ಮಗನೊಂದಿಗೆ ನಮ್ಮೂರಿನ ಮದುವೆ ಮುಗಿಸಿ ಬಂದವಳು ಅವನನ್ನು ಕರೆದುಕೊಂಡು ಅಂಗಡಿಗೆ ಹೋದರೆ ಶಟರ್ ಎಳೆದಿತ್ತು. ಎದುರಿನ ಎಳನೀರು ಮಾರುವವನು ನನ್ನನ್ನು ಪಕ್ಕಕ್ಕೆ ಕರೆದ. ಕಾಕಾ ಹೋದರಂತೆ. ಅಂಗಡಿಯಲ್ಲೇ, ಚಾಪೆಯ ಮೇಲೆ ಕುಳಿತಲ್ಲೇ. ಊಟಕ್ಕೆ ಕರೆಯಲು ಬಂದ ಮಗ ಬಾಗಿಲಲ್ಲಿ ನಿಂತು ಕರೆದರೆ ತಿರುಗಲಿಲ್ಲವಂತೆ. ಮಡಿಲಲ್ಲಿ ಒಂದು ಪುಸ್ತಕ ತೆರೆದೇ ಇತ್ತಂತೆ. ಯಾವ ಪುಸ್ತಕ ಎಂದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದರೂ ನನಗೆ ಬೇಡ.

ಸೆರಗನ್ನು ಬಾಯಿಗೆ ಒತ್ತಿಕೊಂಡು ತಿರುಗಿ ನೋಡಿದೆ. ಮೊಮ್ಮಗ ಶಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಕೆಳಗಿನ ಸಂದಿಗೆ ಬಾಯಿ ಇಟ್ಟಿದ್ದ. ಅವನಿಗೆ ನಾವು ಯಾರೂ ಏನೂ ಹೇಳಿರಲಿಲ್ಲ.

"ಕಾಕಾ, ಪಕ್ಕಿ ಹಾರಿ ಹೋತು" ಎಂದ.

ಅರ್ಧ ಅವರ ಮಾತು, ಅರ್ಧ ನಮ್ಮ ಮಾತು. ಅವನು ಕೂಡಿಸಿ ಹೇಳಿದ ಮೊದಲ ಮಾತು. ಹೇಳಿ, ಸಂದಿಗೆ ಕಿವಿ ಇಟ್ಟ. ಒಳಗಿನಿಂದ ಯಾರೋ ಏನೋ ಕೇಳಿದ ಹಾಗೆ ಹ್ಞೂಂ ಎಂದ. ಮತ್ತೆ ಬಾಯಿ ಇಟ್ಟು ಬಸ್ಸಿನದು, ಮದುವೆಯದು, ಲಾಡುವಿನದು, ಇಷ್ಟು ದಿನ ಒಳಗೆ ಕಟ್ಟಿಟ್ಟಿದ್ದದ್ದನ್ನೆಲ್ಲ ಒಂದಕ್ಕೊಂದು ಪೋಣಿಸಿ ಹೇಳತೊಡಗಿದ. ನಡುನಡುವೆ ನಿಲ್ಲುವುದು, ಕೇಳುವುದು, ತಲೆ ಆಡಿಸುವುದು.

ಸಂದಿಯಿಂದ ಬಂದ ತಂಪು ನನ್ನ ಪಾದಕ್ಕೆ ತಾಗುತ್ತಿತ್ತು. ಎಳನೀರಿನವನು ಹೆದರಿ, ಮಗುವನ್ನು ಎತ್ತಿಕೊಳ್ಳಿ ಅಮ್ಮ ಎಂದ. ನಾನು ಎತ್ತಿಕೊಳ್ಳಲಿಲ್ಲ. ಈ ಮಾತಿಗಾಗಿ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತವಳು. ಅವನು ಮಾತಾಡಿ ಮುಗಿಸುವ ತನಕ ಚಪ್ಪಲಿ ಕಳಚಿಟ್ಟು ಅಲ್ಲೇ ನಿಂತಿದ್ದೆ.