ಕಾಳಿಲ್ಲದೆ ತಿರುಗಿದ ಕಲ್ಲು

ಪೇಪರಿನಲ್ಲಿ ನನ್ನ ಮಗಳ ಬಗ್ಗೆ ಬಂದಾಗಲೆಲ್ಲ ಒಂದು ಸಾಲು ಇದ್ದೇ ಇರುತ್ತಿತ್ತು, ತಾಯಿಯ ಬೀಸುಕಲ್ಲಿನ ಮುಂದೆ ಕೂತು ಸಂಗೀತ ಕಲಿತವಳು ಅಂತ. ಅದು ಸುಳ್ಳು. ನಾನು ಅವಳಿಗೆ ಕಲಿಸಿದ್ದು ಬೀಸುವುದನ್ನು. ಕೈ ನಿಲ್ಲಿಸಿದರೆ ಮೊಣಕಾಲಿಗೆ ಹೊಡೆಯುತ್ತಿದ್ದೆ.

ಈಗ ಪೇಪರಿನಲ್ಲಿ ಏನೂ ಬರುವುದಿಲ್ಲ. ಅವಳ ದನಿ ಹೋಗಿದೆ. ಅರ್ಧವಾದರೂ ತಿರುಗಿ ಬರಬಹುದಾಗಿತ್ತು. ಬರದೆ ಹೋದದ್ದು ನಾನು ಆಡಿದ ಒಂದು ಮಾತಿನಿಂದ. ಅದನ್ನು ಬರೆಯಬೇಕೆಂದು ಕೂತಿದ್ದೇನೆ. ಎರಡನೆಯ ಇಯತ್ತೆ ತನಕ ಸಾಲಿಗೆ ಹೋದವಳು ನಾನು. ಬರೆಯುವುದು ನಿಧಾನ. ಆದರೆ ಬೇರೆ ಯಾರ ಕೈಲಿ ಬರೆಸಿದರೂ ಅವರು ಅದನ್ನು ಚೆಂದ ಮಾಡಿಬಿಡುತ್ತಾರೆ.

ನನ್ನ ತವರು ಹುಕ್ಕೇರಿ ಕಡೆಯ ಘೋಡಗೇರಿ. ಕೊಟ್ಟದ್ದು ನಾಗನೂರಿಗೆ. ನಾನು ಬಂದಾಗ ಇಲ್ಲಿ ಹಿಟ್ಟಿನ ಗಿರಣಿ ಇತ್ತು, ಕರೆಂಟು ಇರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲೇ ಬೀಸಬೇಕು. ನಮ್ಮ ಕಲ್ಲು ದೊಡ್ಡದು, ಒಬ್ಬಳಿಂದ ಆಗುವಂಥದ್ದಲ್ಲ. ನಾನು ಒಂದು ಕಡೆ, ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಇನ್ನೊಂದು ಕಡೆ. ಇಬ್ಬರ ಕೈಯೂ ಒಂದೇ ಹಿಡಿಗೂಟದ ಮೇಲೆ. ಬೀಸುವಾಗ ಹಾಡಲೇಬೇಕು, ಇಲ್ಲದಿದ್ದರೆ ರಟ್ಟೆ ಸೋಲುತ್ತದೆ. ಹಾಡಿಗೂ ಒಂದು ಕಟ್ಟು ಇತ್ತು. ಒಬ್ಬಳು ಮೊದಲ ನುಡಿ ಎತ್ತಿದರೆ ಎರಡನೆಯದನ್ನು ಎದುರಿಗೆ ಕೂತವಳು ಹಿಡಿಯಬೇಕು. ಅಷ್ಟರಲ್ಲಿ ಎತ್ತಿದವಳು ಉಸಿರು ತೆಗೆದುಕೊಳ್ಳುತ್ತಾಳೆ. ಎತ್ತಿದವಳೇ ಎರಡೂ ನುಡಿ ಹಾಡಬಾರದು.

"ಎರಡೂ ನೀನ ಹಾಡಿದ್ರ ಎದುರಿಗಿದ್ದಾಕಿ ಸತ್ತಾಳಂತ ತಿಳೀತಾರ ನೋಡ" ಎನ್ನುತ್ತಿದ್ದಳು ನೆಗೆಣ್ಣಿ.

ಇನ್ನೊಂದು ಕಟ್ಟೂ ಇತ್ತು. ಕಲ್ಲನ್ನು ಕಾಳಿಲ್ಲದೆ ತಿರುಗಿಸಬಾರದು. ಹಾಗೆ ತಿರುಗಿಸಿದರೆ ಕಲ್ಲು ಮನೆಯವರನ್ನು ಬೇಡುತ್ತದೆ ಅನ್ನುವುದು ಹಿರಿಯರ ಮಾತು. ಕಲ್ಲು ಕಲ್ಲನ್ನೇ ತಿಂದು ಹಿಟ್ಟಿನಲ್ಲಿ ಹರಳು ಬರುತ್ತದೆ ಅನ್ನುವುದು ನನ್ನ ಮಾತು. ಯಾವುದಾದರೂ ಇರಲಿ, ಯಾರೂ ತಿರುಗಿಸುತ್ತಿರಲಿಲ್ಲ.

ನೆಗೆಣ್ಣಿ ಜ್ವರ ಬಂದು ಸತ್ತಳು. ಹದಿನೈದು ದಿನದ ಮೇಲೆ ಆಗದೆಂದು ಗೊತ್ತಿದ್ದರೂ ನಾನು ಒಬ್ಬಳೇ ನುಚ್ಚು ಒಡೆಯಲು ಕೂತೆ. ಮೊದಲ ನುಡಿ ಎತ್ತಿದೆ, "ತವರೀನ ದಾರ್ಯಾಗ ತಗ್ಗೆಷ್ಟ ದಿನ್ನೆಷ್ಟ." ಹಿಡಿಯುವವರು ಯಾರಿದ್ದಾರೆ? ಎರಡನೆಯದನ್ನೂ ನಾನೇ ಹಾಡಲು ಬಾಯಿ ತೆರೆದೆ. ಒಲೆಯ ಹತ್ತಿರ ಆಡುತ್ತಿದ್ದ ಮಗಳು, ಒಂಬತ್ತು ವರ್ಷದವಳು, ಅಲ್ಲಿಂದಲೇ ಹಿಡಿದಳು, "ಕಾಲೀಗಿ ಕೇಳವ್ವ, ಕಣ್ಣೀಗಿ ಕೇಳಬ್ಯಾಡ." ಬಂದು ಎದುರಿಗೆ ಕೂತಳು. ಕೈಗೆ ಗೂಟ ಎಟುಕುತ್ತಿರಲಿಲ್ಲ, ಒಂದು ಚೀಲ ಮಡಚಿ ಅದರ ಮೇಲೆ ಕೂರಿಸಿದೆ. ಅವತ್ತಿನಿಂದ ಏಳೆಂಟು ವರ್ಷ ಅವಳೇ ನನ್ನ ಎದುರಿನವಳು. ಪೇಪರಿನವರು ಹೇಳುವ ಸಂಗೀತದ ಪಾಠ ಇಷ್ಟೇ.

ಸಂಗೀತ ಕಲಿತದ್ದು ಮೂಡಲಗಿಯಲ್ಲಿ. ಅಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸುವ ಮಾಸ್ತರರೊಬ್ಬರು ಇದ್ದರು, ವಾರಕ್ಕೆ ಎರಡು ದಿನ ಬಸ್ಸಿಗೆ ಹೋಗಿ ಬರುತ್ತಿದ್ದಳು. ಒಂದು ಸಲ ನಾನೂ ಹೋಗಿದ್ದೆ. ಮಾಸ್ತರರು ಪೇಟಿ ಮುಚ್ಚಿ ನನಗೆ ಹೇಳಿದರು, "ನೋಡ್ರಿ ಯವ್ವಾ, ನಿಮ್ಮ ಹುಡುಗಿಗಿ ದನಿ ಐತಿ. ಆದರ ರಾಗದಾಗ ಬದು ಅನ್ನೋದು ಗೊತ್ತಿಲ್ರಿ ಇಕಿಗಿ. ಮಂದಿ ಹೊಲದಾಗ ದನಾ ಬಿಟ್ಟಂಗ ಬಿಡತಾಳ."

"ಹೊಡೀರಿ" ಅಂದೆ ನಾನು.

"ಹೊಡದ್ರ ಹೊಸಾದೊಂದು ಹಾಡತಾಳ್ರಿ!"

ಗೋಕಾಕದಲ್ಲಿ ಕಾಲೇಜು ಓದುವಾಗ ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಹಾಡಿದಳು. ಆಮೇಲೆ ಪುಣೆಗೆ ಹೋದಳು. ಅಲ್ಲಿ ಒಂದು ಹೋಟೆಲಿನಲ್ಲಿ ಜಾಝ್ ಹಾಡುವವರ ಮೇಳ ಸೇರಿದಳು. ಜಾಝ್ ಅಂದರೇನು ಅಂತ ಕೇಳಿದೆ. ಎಲ್ಲರೂ ಒಂದು ಹಾಡು ಹಿಡಿಯುತ್ತಾರೆ, ಆಮೇಲೆ ಒಬ್ಬೊಬ್ಬರೇ ಮನಸ್ಸಿಗೆ ಬಂದ ಕಡೆ ಹೋಗುತ್ತಾರೆ, ಮತ್ತೆ ತಿರುಗಿ ಅಲ್ಲಿಗೇ ಬರುತ್ತಾರೆ ಅಂದಳು.

"ತಿರುಗಿ ಬರದಿದ್ರ?"

"ಬರಬೇಕ ಯವ್ವಾ. ಕಲ್ಲಿನ ನಡುವ ಕೀಲ ಇರತೈತಲ್ಲ, ಹಂಗ."

ಅದು ಮಾತ್ರ ನನಗೆ ತಿಳಿಯಿತು. ಉಳಿದದ್ದು ತಿಳಿಯಲಿಲ್ಲ. ಅವಳು ಅದರೊಳಗೆ ಮಾಸ್ತರರ ರಾಗ ಸೇರಿಸಿದಳು, ನಮ್ಮ ಬೀಸುವ ಹಾಡು ಸೇರಿಸಿದಳು, ಹಲಗಿಯ ಪೆಟ್ಟು ಸೇರಿಸಿದಳು. ತಾನೇ ಹಾಡು ಕಟ್ಟತೊಡಗಿದಳು. ಒಂದು ಸಲ ಗೋಕಾಕದಲ್ಲಿ ಕಾರ್ಯಕ್ರಮ ಇಟ್ಟಿದ್ದರು. ನಾನು ಮುಂದಿನ ಸಾಲಿನಲ್ಲಿದ್ದೆ. ಅವಳು ಶಬ್ದವೇ ಇಲ್ಲದೆ ಬರೀ ದನಿಯಲ್ಲಿ ಹತ್ತಿ ಇಳಿದು ಮಾಡುತ್ತಿದ್ದಳು. ಬಾಜೂ ಕೂತ ಹೆಂಗಸು ನನ್ನ ಕಿವಿಗೆ ಬಾಗಿ, "ಆಕಿಗಿ ಆರಾಮ ಇಲ್ಲೇನ್ರಿ?" ಅಂದಳು. ಮೂರು ಹಾಡು ಮುಗಿದ ಮೇಲೆ ಹಿಂದಿನಿಂದ ಒಬ್ಬ ಎದ್ದು ನಿಂತು ಕೂಗಿದ, "ಅಕ್ಕಾರ, ಹಾಡು ಯಾವಾಗ ಚಾಲೂ ಆಗತಾವ್ರಿ?" ಎಲ್ಲರೂ ನಕ್ಕರು. ಅವಳೂ ನಕ್ಕಳು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಕೇಳಿದಳು, "ಪುಣೆದಾಗ ಇದು ಜಾಝ್ ಅಲ್ಲ ಅಂತಾರ. ಮಾಸ್ತರ ರಾಗ ಅಲ್ಲ ಅಂತಾರ. ಇಲ್ಲೆ ಹಾಡ ಅಲ್ಲ ಅಂತಾರ. ನೀ ಏನಂತಿ ಯವ್ವಾ?"

"ಬಸ್ ಬಂತ, ಏಳ" ಅಂದೆ.

ಏನಾದರೂ ಒಳ್ಳೆಯದು ಹೇಳಬಹುದಾಗಿತ್ತು. ಹೇಳಲಿಲ್ಲ.

ಆಮೇಲೆ ಒಂದು ಬೇಸಿಗೆಯಲ್ಲಿ ಇಬ್ಬರು ಗಂಡಸರನ್ನು ಕರೆದುಕೊಂಡು ಮನೆಗೆ ಬಂದಳು. ಒಬ್ಬನ ಹತ್ತಿರ ಆಳೆತ್ತರದ ಪಿಟೀಲಿನಂಥ ವಾದ್ಯ, ಇನ್ನೊಬ್ಬನ ಹತ್ತಿರ ದನಿ ಹಿಡಿಯುವ ಮಷೀನು. ಬೀಸುಕಲ್ಲಿನ ಸಪ್ಪಳ ಬೇಕಾಗಿತ್ತಂತೆ. ನಾನು ಜೋಳ ತಂದು ಒಂದು ಮುಕ್ಕು ಹಾಕಿದೆ. ಒಂದು ಸಲಕ್ಕೆ ಹಾಕುವ ಹಿಡಿ ಕಾಳಿಗೆ ನಾವು ಮುಕ್ಕು ಅನ್ನುತ್ತೇವೆ. ತಿರುಗಿಸಿದೆವು. ಮಷೀನಿನವನು ಕಿವಿಗೆ ಹಾಕಿಕೊಂಡದ್ದನ್ನು ತೆಗೆದು ತಲೆ ಅಲ್ಲಾಡಿಸಿದ.

"ಕಾಳಿನ ಸಪ್ಪಳಾ ಬರಾಕತ್ತೈತಂತ. ಕಲ್ಲಿಂದಷ್ಟ ಬೇಕಂತ" ಅಂದಳು ಮಗಳು.

"ಅಂದ್ರ?"

"ಕಾಳ ತಗದ ತಿರುಗಸೂಣು."

"ಬರೇ ಕಲ್ಲ ತಿರುಗಸ್ತಾರೇನ? ಬುದ್ಧಿ ಐತೇನ ನಿನಗ?"

"ಐದ ಮಿನಿಟ ಯವ್ವಾ."

"ಐದ ಮಿನಿಟ ಸಾಯ್ತಿಯೇನ ಮತ್ತ?"

ಅವಳು ಪೊರಕೆಯಿಂದ ಕಲ್ಲಿನ ಬಾಯಿ ಬಳಿದು ಕಾಳೆಲ್ಲ ತೆಗೆದಳು. ಒಬ್ಬಳೇ ಗೂಟ ಹಿಡಿದು ಎಳೆದಳು. ನಾನು ಮೊದಲೇ ಹೇಳಿದೆನಲ್ಲ, ಆ ಕಲ್ಲು ಒಬ್ಬಳಿಗೆ ಬಗ್ಗುವುದಿಲ್ಲ. ಅರ್ಧ ಸುತ್ತಿಗೆ ನಿಂತಿತು. ಮಷೀನಿನವನು ನನ್ನ ಮುಖ ನೋಡಿದ.

ನಾನು ಹೋಗಿ ಎದುರಿಗೆ ಕೂತೆ. ಗೂಟದ ಮೇಲೆ ಕೈ ಇಟ್ಟೆ. ಯಾರೂ ಒತ್ತಾಯ ಮಾಡಲಿಲ್ಲ. ನನ್ನ ಕಲ್ಲಿನ ಸಪ್ಪಳ ಪುಣೆಯಲ್ಲಿ ಕೇಳಲಿ ಅನ್ನುವ ಆಸೆ ನನಗೂ ಇತ್ತು. ಇಬ್ಬರೂ ಸೇರಿ ತಿರುಗಿಸಿದೆವು.

ಅವಳು ಮೊದಲ ನುಡಿ ಎತ್ತಿದಳು. ತವರಿನ ದಾರಿಯದೇ. ಆದರೆ ಅದನ್ನು ಎಲ್ಲೆಲ್ಲಿಗೋ ಒಯ್ದು ತಂದು ನನ್ನ ಮುಂದೆ ಇಟ್ಟಳು. ಇಟ್ಟು ಗದ್ದ ಎತ್ತಿದಳು, ಹಿಡಿ ಅನ್ನುವ ಹಾಗೆ. ಪರಗಂಡಸರ ಮುಂದೆ, ಮಷೀನಿನ ಮುಂದೆ ನನಗೆ ಬಾಯಿ ಬರಲಿಲ್ಲ. ಅವಳು ಕಾಯ್ದಳು. ಕಲ್ಲು ಬರಿದೇ ತಿರುಗಿತು. ಆ ಹಾಡಿನಲ್ಲಿ ಈಗಲೂ ಎರಡನೆಯ ನುಡಿ ಇಲ್ಲ. ಅಲ್ಲಿ ಕಲ್ಲಿನ ಸಪ್ಪಳ ಅಷ್ಟೇ ಇದೆ. ಆ ಜಾಗ ಬಹಳ ಚೆಂದ ಇದೆಯೆಂದು ದೊಡ್ಡವರೆಲ್ಲ ಬರೆದರು. ಅದು ನಾನು ಹಾಡದೆ ಬಿಟ್ಟ ಜಾಗ.

ಅದೇ ಹಾಡು ಅವಳನ್ನು ಮೇಲೆ ಒಯ್ದಿತು. ಮುಂಬೈ, ದಿಲ್ಲಿ, ನನಗೆ ಹೆಸರು ಹೇಳಲು ಬಾರದ ದೇಶಗಳು. ಮನೆಯಲ್ಲಿ ಮಾತ್ರ, ನೆರೆಯವಳನ್ನು ಎದುರಿಗೆ ಕೂರಿಸಿಕೊಂಡು ಬೀಸಿದರೆ, ಹತ್ತು ದಿನ ಹಿಟ್ಟಿನಲ್ಲಿ ಹರಳು ಬಂತು. ಕಾಳು ಹಿಡಿಯಲೆಂದು ಕಲ್ಲಿಗೆ ಉಳಿಯಿಂದ ಹೊಡೆದ ಕಚ್ಚು ಸವೆದಿತ್ತು. ಕಚ್ಚು ಹೊಡೆಯುವ ಹೆಂಗಸರು ಈಗ ಊರಿಗೆ ಬರುವುದಿಲ್ಲ. ನಾನು ಗಿರಣಿಗೆ ಹಾಕಿಸತೊಡಗಿದೆ.

ಆರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಅವಳ ದನಿ ಮಧ್ಯದಲ್ಲಿ ಒಡೆಯತೊಡಗಿತು. ಒಡೆದ ದನಿಯನ್ನೂ ಮಂದಿ ಮೆಚ್ಚಿದರು, ಇವಳು ಹಾಡುತ್ತಲೇ ಹೋದಳು. ಕಡೆಗೆ ಮಾತೂ ಕಟ್ಟಿತು. ಬೆಳಗಾವಿಯಲ್ಲಿ ಡಾಕ್ಟರು ಗಂಟಲಿಗೆ ನಳಿಗೆ ಇಳಿಸಿ ನೋಡಿ, ದನಿಯ ಎಳೆಯ ಮೇಲೆ ಗಂಟು ಎದ್ದಿದೆ ಅಂದರು. ಕೊಯ್ದು ತೆಗೆದರು. ನನ್ನ ಮುಂದೆಯೇ ಹೇಳಿದರು, "ಒಂದ ವರ್ಷ ದಿನಾ ನಾವ ಹೇಳಿದ ಕಸರತ್ತ ಮಾಡಬೇಕ್ರಿ. ಮಾಡಿದ್ರ ಅರ್ಧಾ ಬರತೈತಿ. ಬಿಟ್ರ ಬಿಟ್ಟಂಗ."

ಅವಳು ನಾಗನೂರಿಗೆ ಬಂದಳು. ದಿನಾ ಮುಂಜಾನೆ ಗೋಡೆಗೆ ಮುಖ ಮಾಡಿ ಕೂತು ಕಸರತ್ತು ಮಾಡುತ್ತಿದ್ದಳು. ನೀರಿನ ಬಟ್ಟಲಿಗೆ ಕೊಳವೆ ಹಾಕಿ ಗುಳುಗುಳು ಅನ್ನಿಸುವುದು, ಬಾಯಿ ಮುಚ್ಚಿ ಗುಂಯ್ ಅನ್ನುವುದು. ಗುಂಯ್ ಬರುತ್ತಿರಲಿಲ್ಲ. ಹರಿದ ತಿದಿಯಿಂದ ಗಾಳಿ ಹೋದ ಹಾಗೆ ಬರೀ ಗಾಳಿ. ಎರಡು ತಿಂಗಳು ಅದನ್ನು ಕೇಳಿದೆ. ನನ್ನ ತಲೆ ಕೆಟ್ಟಿತು. ಒಂದು ದಿನ ರೊಟ್ಟಿ ಬಡಿಯುತ್ತಾ, ತಿರುಗಿ ಸಹ ನೋಡದೆ ಅಂದುಬಿಟ್ಟೆ:

"ಬರೇ ಕಲ್ಲ ತಿರುಗಿಸಬ್ಯಾಡಂದ್ರ ಕೇಳಿದೇನ? ಕಲ್ಲ ನಿನ್ನ ದನಿ ತಿಂದೈತಿ. ಈಗ ಗುಳುಗುಳು ಮಾಡಿದ್ರ ಕೊಡತೈತೇನ ತಿರುಗಿ?"

ಹಿಂದೆ ನೀರಿನ ಸಪ್ಪಳ ನಿಂತಿತು.

ಇದನ್ನು ಹೇಳಿದವಳು ನಾನು, ಹಿರಿಯರ ಮಾತನ್ನು ನಂಬದವಳು, ಹಿಟ್ಟಿನ ಹರಳಿನ ಲೆಕ್ಕ ಮಾತ್ರ ಗೊತ್ತಿದ್ದವಳು. ನನ್ನ ಕೈಯೂ ಗೂಟದ ಮೇಲಿತ್ತೆಂದು ಆ ಹೊತ್ತಿಗೆ ನೆನಪಿರಲಿಲ್ಲ ಅನ್ನಲಾರೆ. ನೆನಪಿತ್ತು. ಅದಕ್ಕೇ ಅವಳೊಬ್ಬಳ ಮೇಲೆ ಹಾಕಿದೆ. ಅವಳು ಒಂದು ಮಾತು ಅನ್ನಬಹುದಾಗಿತ್ತು, ನೀನೂ ತಿರುಗಿಸಿದೆಯಲ್ಲ ಅಂತ. ಅನ್ನಲಿಲ್ಲ. ಬಟ್ಟಲಿನ ನೀರನ್ನು ತುಳಸಿಗೆ ಹಾಕಿ ಬಂದಳು. ಹತ್ತಿರ ಕೂತು ಪಿಸುಗುಟ್ಟಿದಳು, "ಖರೆ ಇರಬೇಕ ಯವ್ವಾ ನೀ ಅಂದದ್ದ."

ಮಾರನೆಯ ದಿನ ಕಸರತ್ತಿಗೆ ಕೂರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನು ಬೈದೆ, ಕೈ ಮುಗಿದೆ, ಡಾಕ್ಟರ ಚೀಟಿ ಮುಂದೆ ಹಿಡಿದೆ. ಅವಳು ಅದನ್ನು ಮಡಚಿ ಡಬ್ಬಿಯಲ್ಲಿ ಇಟ್ಟಳು. ಇಷ್ಟು ಓದಿದವಳು ಇಂಥ ಮಾತು ನಂಬುತ್ತಾಳೆಯೇ ಅಂತ ನೀವು ಕೇಳಬಹುದು. ನಂಬಿದಳೋ, ಸಾಕಾಗಿತ್ತೋ, ನನಗೆ ಗೊತ್ತಿಲ್ಲ. ಬಿಡುವುದಕ್ಕೆ ಒಂದು ಕಾರಣ ಬೇಕಾಗಿತ್ತು, ತಾಯಿ ಕೊಟ್ಟಳು.

ಒಂದು ತಿಂಗಳಿಗೆ ಗೋಕಾಕದಲ್ಲಿ ಖೋಲಿ ಹಿಡಿದಳು. ಅಲ್ಲಿ ಹುಡುಗಿಯರಿಗೆ ಕೀಬೋರ್ಡ್ ಕಲಿಸುತ್ತಾಳೆ. ತಪ್ಪಿದರೆ ಬೆರಳಿನಿಂದ ಮೇಜು ಬಡಿದು ತೋರಿಸುತ್ತಾಳೆ. ಹಾಡು ಕಟ್ಟುವುದನ್ನೂ ಬಿಟ್ಟಿದ್ದಾಳೆ. ದನಿ ಇಲ್ಲದಿದ್ದರೂ ಕಟ್ಟಬಹುದಲ್ಲ, ಬೇರೆಯವರು ಹಾಡುತ್ತಾರೆ, ಅಂದೆ. ತಲೆ ಅಲ್ಲಾಡಿಸಿದಳು.

ಡಾಕ್ಟರು ಹೇಳಿದ ವರ್ಷ ಮುಗಿಯುವ ಮೊದಲು ನಾನು ಬಸ್ ಹತ್ತಿ ಅವಳ ಖೋಲಿಗೆ ಹೋದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ, "ಆವತ್ತ ಗೂಟದ ಮ್ಯಾಲ ನನ್ನ ಕೈನೂ ಇತ್ತ. ಕಲ್ಲ ತಿನ್ನೋದಿದ್ರ ನನ್ನ ದನಿನೂ ತಿನ್ನಬೇಕಾಗಿತ್ತ. ನಂದ ಐತಲ್ಲ? ಅಂದ ಮ್ಯಾಲ ಸುಳ್ಳ ಅದು."

ಅವಳು ನನ್ನ ಕೈಯಿಂದ ಚೀಲ ಇಸಿದುಕೊಂಡಳು. ಆಮೇಲೆ ಗಾಳಿಯ ದನಿಯಲ್ಲಿ ಅಂದಳು, "ನಿಂದ ತಿಂದ ಏನ ಮಾಡತೈತಿ ಯವ್ವಾ ಅದು?"

ಇಬ್ಬರಿಗೂ ನಗು ಬಂತು. ಅವಳ ನಗುವಿಗೂ ಸಪ್ಪಳ ಇರಲಿಲ್ಲ.

ನಗು ಇರುವಾಗಲೇ ಹಿಡಿಯಬೇಕೆಂದು ನಾನು ನೆಲದ ಮೇಲೆ ಕೂತು ಮೊದಲ ನುಡಿ ಎತ್ತಿದೆ. ಗದ್ದ ಎತ್ತಿದೆ. ಕಾಯ್ದೆ. ಪಿಸುಗುಟ್ಟಿದ್ದರೂ ಸಾಕಾಗಿತ್ತು, ಬರೀ ತುಟಿ ಅಲ್ಲಾಡಿಸಿದ್ದರೂ ಸಾಕಾಗಿತ್ತು. ಅವಳು ಕಿಟಕಿಯ ಕಡೆ ನೋಡಿದಳು. ಪಾಠಕ್ಕೆ ಹುಡುಗಿಯರು ಬಂದರು. ನಾನು ಎದ್ದೆ.

ವರ್ಷ ಮುಗಿದು ಹೋಯಿತು. ಈಗಲೂ ಸೋಮವಾರ ಸೋಮವಾರ ಹೋಗುತ್ತೇನೆ. ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ, ಇಬ್ಬರೂ ಉಣ್ಣುತ್ತೇವೆ, ತಾಟು ತೊಳೆಯುವ ಮೊದಲು ಮೊದಲ ನುಡಿ ಎತ್ತುತ್ತೇನೆ. ಅವಳು ಹಿಡಿಯುವುದಿಲ್ಲ. ಬ್ಯಾಡ ಅನ್ನುವುದೂ ಇಲ್ಲ. ಮನೆಯಲ್ಲಿ ಕಲ್ಲು ಖಾಲಿ ಇರಬಾರದೆಂದು ಒಂದು ಮುಕ್ಕು ಜೋಳ ಹಾಕಿಟ್ಟಿದ್ದೇನೆ. ಅದಕ್ಕೆ ನುಸಿ ಬೀಳುತ್ತದೆ. ತೆಗೆದು ಬೇರೆ ಹಾಕುತ್ತೇನೆ. ಮತ್ತೆ ಬೀಳುತ್ತದೆ.

ಹೋದ ವಾರ ಬರುವಾಗ ಬಸ್ಸಿನಲ್ಲಿ ಬಾಯಿಗೆ ಎರಡನೆಯ ನುಡಿ ತಾನೇ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ನೆಗೆಣ್ಣಿ ಹೇಳಿದ ಹಾಗೆ, ಎರಡೂ ನಾನೇ ಹಾಡುವಂತಿಲ್ಲ. ಅವಳು ಗೋಕಾಕದಲ್ಲಿ ಇನ್ನೂ ಕೂತಿದ್ದಾಳೆ.