ವೇಲ್ಸ್‌ನವನಿಗೆ ಹೋದ ಲಗ್ನಪತ್ರಿಕೆ

ಆ ಕಾಗದವನ್ನು ನಾನೇ ಬರೆದೆನೋ ಏನೋ ಎಂಬುದು ಬಹಳ ಕಾಲ ನನಗೇ ಖಚಿತವಿರಲಿಲ್ಲ. ಮೈಸೂರಿನ ಹಾಸ್ಟೆಲಿನ ಕಿಟಕಿಯ ಪಕ್ಕದ ಮೇಜು, ನೀಲಿ ಶಾಯಿ, ಗೆರೆ ಹಾಕಿದ ಹಾಳೆ, ಗುರುತು ಸಿಗಬಾರದೆಂದು ಅಕ್ಷರಗಳನ್ನು ಎಡಕ್ಕೆ ವಾಲಿಸಿ ಬರೆದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಅದೇ ಕಾಗದವನ್ನು ಗುಬ್ಬಿಯ ಸೈಕಲ್ ಶಾಪಿನಲ್ಲಿ ಮೊದಲ ಸಲ ಓದಿ ಬೆಪ್ಪಾಗಿ ಕೂತದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಇತಿಹಾಸದ ಎಂ.ಎ. ತರಗತಿಯಲ್ಲಿ ಬೇರೆಯವರ ಸಾಕ್ಷ್ಯವನ್ನು ಅನುಮಾನಿಸುವುದು ಕಲಿಸಿದರು. ಸ್ವಂತ ಸಾಕ್ಷ್ಯ ಕೈಕೊಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಕಾಗದ ಬಂದದ್ದು ನಮ್ಮಣ್ಣನಿಗೆ. ಕೆಳಗಿದ್ದ ಸಹಿ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಆಡುತ್ತಿದ್ದ ವೇಲ್ಸ್‌ನ ಒಬ್ಬ ಫುಟ್‌ಬಾಲ್ ಫಾರ್ವರ್ಡ್‌ನದು.

ಅಣ್ಣ ಕೊತ್ತಗೆರೆಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಫೇಲಾಗಿ, ಎಪ್ಪತ್ತರ ದಶಕದ ನಡುವೆ ಗುಬ್ಬಿಯ ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪ್ ಇಟ್ಟವನು. ಆಗಿನ ಫುಟ್‌ಬಾಲೆಂದರೆ ಹೊರಗೆ ತೊಗಲು, ಒಳಗೆ ರಬ್ಬರಿನ ಬ್ಲಾಡರ್. ಅದು ತೂತಾದರೆ ಸೈಕಲ್ ಟ್ಯೂಬಿನ ಹಾಗೇ ನೀರಿನಲ್ಲಿ ಅದ್ದಿ, ಗುಳ್ಳೆ ನೋಡಿ, ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕಬೇಕು. ಆ ಕೆಲಸ ಅಣ್ಣನಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲ. ತುಮಕೂರು, ಗುಬ್ಬಿ, ಹುಲಿಯೂರುದುರ್ಗ, ಎಲ್ಲ ಕಡೆಯ ಆಟಗಾರರೂ ಚೆಂಡು ಹಿಡಿದು ಅವನ ಬಳಿ ಬರುತ್ತಿದ್ದರು. ಪ್ಯಾಚ್ ನಿಂತಿದೆಯೇ ಎಂದು ನೋಡಲು ಅವನೂ ಮೈದಾನಕ್ಕೆ ಹೋಗುತ್ತಿದ್ದ. ಒಂದೆರಡು ಸಲ ಎಡಗಾಲಲ್ಲಿ ಹೊಡೆದು ನೋಡುತ್ತಿದ್ದ. ಆ ಹೊಡೆತ ಕಂಡ ಮೇಲೆ ಅವರು ಅವನನ್ನು ವಾಪಸು ಕಳಿಸುತ್ತಿರಲಿಲ್ಲ. ಹೀಗೆ ರಿಪೇರಿಗೆ ಹೋದವನು ಮೂರು ತಂಡಗಳಿಗೆ ಸೆಂಟರ್ ಫಾರ್ವರ್ಡ್ ಆದ. ಗೋಲಿನ ಎದುರು ಚೆಂಡು ಸಿಕ್ಕರೆ ಅವನು ತಲೆಯೆತ್ತಿ ಕಂಬ ಎಲ್ಲಿದೆಯೆಂದು ನೋಡುತ್ತಲೇ ಇರಲಿಲ್ಲ, ಹೊಡೆದುಬಿಡುತ್ತಿದ್ದ.

ಕರೆಯದೆ ಇದ್ದದ್ದು ಕೊತ್ತಗೆರೆಯ ಪಕ್ಕದ, ತಾಲ್ಲೂಕು ಕೇಂದ್ರವಾದ ಕುಣಿಗಲ್ ಪಟ್ಟಣದವರು ಮಾತ್ರ. ತುಮಕೂರಿನ ತಂಡದ ಜತೆ ಅವನು ಅಲ್ಲಿಗೆ ಆಡಲು ಹೋದರೆ ಗೆರೆಯಾಚೆಯಿಂದ ಕೂಗು ಬೀಳುತ್ತಿತ್ತು.

“ಏನ್ಲಾ ಪಕ್ಷಾಂತರಿ, ಈ ವಾರ ಯಾವ ಪಾರ್ಟಿ?”

“ಮುಂದಿನ ವಾರ ರೆಫ್ರಿ ಕಡೆಗೆ ಆಡ್ತಾನೆ ಕಣ್ಲಾ, ಬುಡು!”

ಅಣ್ಣನೂ ನಗುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಕಿಟಕಿ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಕುಣಿಗಲ್ ತಂಡದ ಹಸಿರು ಬನಿಯನ್ ಒಂದು ದಿನ ಹಾಕಬೇಕೆಂಬುದು ಅವನ ಆಸೆ. ಬಾಯಿಬಿಟ್ಟು ಹೇಳಿದ್ದು ನನಗೊಬ್ಬನಿಗೇ.

ವೇಲ್ಸ್‌ನವನು ನಮ್ಮ ಅಂಗಡಿಗೆ ಬಂದದ್ದು ರದ್ದಿಯಲ್ಲಿ. ನಟ್ಟು ಬೋಲ್ಟು ಕಟ್ಟಿಕೊಡಲೆಂದು ತಂದ ಹಳೇ ಪೇಪರುಗಳ ನಡುವೆ ಒಂದು ವಿಲಾಯ್ತಿ ಆಟದ ಪತ್ರಿಕೆ ಇತ್ತು. ಅದರಲ್ಲಿ ಕಾಲುಚೀಲ ಜಾರಿದ, ಕೂದಲು ಕೆದರಿದ ಉದ್ದ ಮನುಷ್ಯನ ಫೋಟೊ. ಅಣ್ಣನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಕಲ್ಲಿದ್ದಲ ಗಣಿಯ ಊರಿನವನು, ಮೊದಲು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಕ್ಲಬ್ಬಿನಲ್ಲಿ ಆಡಿದ, ಈಗ ಎರಡನೆಯದರಲ್ಲಿದ್ದಾನೆ.

“ವೇಲ್ಸ್ ಅಂದ್ರೆ ಇಂಗ್ಲೆಂಡೇ ಅಲ್ವೇನೋ?”

“ಪಕ್ಕದ್ದು. ಕುಣಿಗಲ್‌ಗೆ ಕೊತ್ತಗೆರೆ ಇದ್ದಂಗೆ ಅನ್ಕೋ.”

“ಅವ್ರನ್ನ ಕೇಳಿದ್ರೆ ಹಂಗಂತಾರಾ?”

“ಹೊಡೀತಾರೆ.”

ಅಣ್ಣ ಆ ಪುಟದಲ್ಲಿ ನಟ್ಟು ಕಟ್ಟಲಿಲ್ಲ.

ಅಂದಿನಿಂದ ಗುರುವಾರ ಟೈರು ಟ್ಯೂಬು ತರಲು ತುಮಕೂರಿಗೆ ಹೋದಾಗಲೆಲ್ಲ ಅವನು ಲೈಬ್ರರಿಯ ವಾಚನಾಲಯದಲ್ಲಿ ಒಂದು ಗಂಟೆ ಕೂರತೊಡಗಿದ. ಇಂಗ್ಲಿಷ್ ಪೇಪರಿನ ಆಟದ ಪುಟದ ಮೂಲೆಯಲ್ಲಿ ವಿಲಾಯ್ತಿ ಪಂದ್ಯಗಳ ಫಲಿತಾಂಶ ಸಣ್ಣ ಅಕ್ಷರದಲ್ಲಿ ಬರುತ್ತಿತ್ತು. ಆ ಮನುಷ್ಯನ ಹೆಸರಿನ ಆಕಾರ ಅಣ್ಣನಿಗೆ ಬಾಯಿಪಾಠವಾಗಿತ್ತು. ಅದು ಕಂಡ ಕಡೆ ಸಾಲಿಗೆ ಸಾಲು ಚಿತ್ರ ಬಿಡಿಸಿದ ಹಾಗೆ ಡೈರಿಗೆ ಇಳಿಸಿಕೊಂಡು ಬರುತ್ತಿದ್ದ. ರಜೆಗೆ ಬಂದಾಗ ನಾನು ಅರ್ಥ ಹೇಳಬೇಕು. ಎರಡನೆಯ ಕ್ಲಬ್ಬಿನಲ್ಲಿ ಅವನು ಗೋಲುಗಳ ಸುರಿಮಳೆಗರೆದ. ಬಂದರು ನಗರದ ಒಂದು ದೊಡ್ಡ ಕ್ಲಬ್ಬು ಅವನನ್ನು ಕೊಂಡಿತು. ಅಲ್ಲಿ ಹೋದ ಮೇಲೆ ಡೈರಿಯಲ್ಲಿ ಸಾಲುಗಳು ಕಡಿಮೆಯಾದವು.

“ಕೂರಿಸ್ಬಿಟ್ಟವ್ರೆ ಕಣೋ. ಬದಲಿ ಆಟಗಾರ,” ಎಂದು ಅಣ್ಣ ಮನೆಯವರ್ಯಾರಿಗೋ ಹುಷಾರಿಲ್ಲವೆಂಬಂತೆ ಹೇಳಿದ. ಆದರೂ ವೇಲ್ಸ್ ದೇಶದ ಪಂದ್ಯವಿದ್ದಾಗ ಅವನಿಗೆ ಕರೆ ಹೋಗುತ್ತಿತ್ತು. “ಎಲ್ಲಿ ಆಡಿದ್ರೂ ಆ ಕೆಂಪು ಅಂಗಿ ಅವ್ನಿಗೆ ಇಟ್ಟಿರ್ತಾರೆ, ನೋಡು.”

ಎಂಬತ್ತರ ದಶಕದ ಮೊದಲಲ್ಲಿ ಅಣ್ಣನ ಮದುವೆ ಗೊತ್ತಾಯಿತು. ಹೆಣ್ಣು ಕುಣಿಗಲ್‌ನವಳು. ಅವಳ ಅಣ್ಣನೇ ಕುಣಿಗಲ್ ತಂಡದ ಕ್ಯಾಪ್ಟನ್. ಲಗ್ನಪತ್ರಿಕೆ ಹಂಚುವಾಗ ಅಣ್ಣ ಒಂದನ್ನು ತೆಗೆದಿಟ್ಟು, “ಇದು ಅವ್ನಿಗೆ” ಎಂದ. ನನಗೆ ನಗು ಬಂತು. ಅವ್ವನಿಗೆ ಬರಲಿಲ್ಲ.

“ದೂರದೋರನ್ನ ಬರೀ ಅಂಚೇಲಿ ಕರೆದ್ರೆ ತಪ್ಪು ತಿಳ್ಕೋತಾರೆ ಕಣಪ್ಪ. ಅಕ್ಷತೆ ಹಾಕು.” ನಾಲ್ಕು ಮೂಲೆಗೆ ಅರಿಶಿನ ಹಚ್ಚಿದಳು. ಒಂದು ಚಿಟಿಕೆ ಅಕ್ಷತೆಯನ್ನು ಚೀಟಿಯಲ್ಲಿ ಮಡಿಸಿ ಕವರಿನೊಳಗೆ ಇಟ್ಟಳು. ಪತ್ರಿಕೆಯಲ್ಲಿದ್ದದ್ದು ಪೂರಾ ಕನ್ನಡ. ಸಕುಟುಂಬ ಸಪರಿವಾರ ಸಮೇತ ಬಂದು ವಧೂವರರನ್ನು ಆಶೀರ್ವದಿಸಬೇಕಾಗಿ ಕೇಳಿಕೊಂಡಿತ್ತು. ಹಿಂಭಾಗದಲ್ಲಿ ನಾನು ಇಂಗ್ಲಿಷಿನಲ್ಲಿ ಆರೇಳು ಸಾಲು ಬರೆದೆ. ಇದು ಮದುವೆಯ ಕರೆ, ನಮ್ಮಣ್ಣ ಇಂಥವನು, ಹಲವು ತಂಡಗಳಿಗೆ ಆಡಿದವನು, ಸ್ವಂತ ಊರಿಗೆ ಇನ್ನೂ ಆಡಿಲ್ಲ. ವಿಳಾಸ ಬಂದರು ನಗರದ ಕ್ಲಬ್ಬಿನದು.

ಈ ಸುದ್ದಿಯನ್ನು ಅಣ್ಣ ಮುಚ್ಚಿಡಲಿಲ್ಲ. ಮದುವೆಯ ದಿನ ಊಟದ ಪಂಕ್ತಿಯಲ್ಲಿ ಕ್ಯಾಪ್ಟನ್ ಬಗ್ಗಿ ಕೇಳಿದ: “ಭಾವ, ವಿಲಾಯ್ತಿ ನೆಂಟ್ರು ಇನ್ನೂ ಬಂದಂಗಿಲ್ಲ. ಒಂದು ಎಲೆ ಹಾಕಿಸಿ ಇಟ್ಟಿರ್ಲಾ?” ಇಡೀ ಪಂಕ್ತಿ ನಕ್ಕಿತು. ಅಣ್ಣ ಅನ್ನ ಕಲಸುತ್ತ, “ಹಾಕ್ಸಿ ಭಾವ, ಬಂದ್ರೂ ಬಂದ” ಎಂದ.

ದಸರಾ ರಜೆಯಲ್ಲಿ ನಾನು ಅಂಗಡಿಯಲ್ಲಿದ್ದಾಗ ಉತ್ತರ ಬಂತು. ಹಾಗೆಂದು ನನ್ನ ಒಂದು ನೆನಪು ಹೇಳುತ್ತದೆ. ಪೋಸ್ಟ್‌ಮ್ಯಾನ್ ಕವರನ್ನು ಕೊಡದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮನೆಯಲ್ಲಿ ಮಗ ಸ್ಟಾಂಪ್ ಕೂಡಿಡುತ್ತಾನೆಂದ. ಅಣ್ಣ ಆ ಸಂತೋಷದಲ್ಲಿ ಟ್ಯೂಬ್ ಕತ್ತರಿಸುವ ಕತ್ತರಿಯಿಂದಲೇ ಸ್ಟಾಂಪಿನ ಮೂಲೆಯನ್ನು, ಅದರ ಮೇಲಿದ್ದ ವಿಲಾಯ್ತಿ ಮುದ್ರೆಯ ಸಮೇತ, ಕತ್ತರಿಸಿ ಕೊಟ್ಟುಬಿಟ್ಟ. ಲಕೋಟೆಯ ಹಿಂಬದಿಯಲ್ಲಿ ಗುಬ್ಬಿ ಅಂಚೆ ಕಚೇರಿಯ ತಾರೀಖಿನ ಮುದ್ರೆ ಮಾತ್ರ ಉಳಿಯಿತು.

ಕಾಗದ ಚಿಕ್ಕದು. ನಿಮ್ಮ ಕರೆ ನನ್ನನ್ನು ಹುಡುಕಿಕೊಂಡು ಎರಡು ಊರು ತಿರುಗಿ ಈಗ ಸಿಕ್ಕಿದೆ. ಆ ದಿನ ಪಂದ್ಯವಿತ್ತು, ಇಲ್ಲದಿದ್ದರೂ ಇಷ್ಟು ದೂರ ಬರಲಾಗುತ್ತಿರಲಿಲ್ಲ, ಕ್ಷಮಿಸಿ. ಹಳದಿ ಅಕ್ಕಿಯನ್ನು ಬೇಯಿಸಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಹೆಂಡತಿ ಕಿಟಕಿಯ ಮೇಲಿಟ್ಟಿದ್ದಾಳೆ. ನಾನು ಕ್ಲಬ್ಬು ಬದಲಿಸಿ ಒಂದು ವಾರವಾಯಿತು. ಇಲ್ಲಿಯವರು ಇನ್ನೂ ನನ್ನನ್ನು ತಮ್ಮವನೆಂದಿಲ್ಲ. ಒಂದು ಗೋಲು ಹೊಡೆದರೆ ಅನ್ನಬಹುದು. ನಿಮಗೂ ಹಾಗೇ ಆಗಲಿ. ಹೊಸ ಕ್ಲಬ್ಬಿನ ಹೆಸರು, ಸಹಿ.

ಅಣ್ಣ ಮರುದಿನವೇ ನನ್ನನ್ನು ಕರೆದುಕೊಂಡು ಕುಣಿಗಲ್‌ಗೆ ಹೋದ. ಕ್ಯಾಪ್ಟನ್ ಮನೆಯ ಜಗಲಿಯ ಮೇಲೆ ತಂಡದ ನಾಲ್ಕೈದು ಜನ ಸೇರಿದರು. ಇಂಗ್ಲಿಷ್ ಪೇಪರ್ ಓದುವ ಕ್ಯಾಪ್ಟನ್ ಕಾಗದವನ್ನು ಎರಡು ಸಲ ಓದಿ ನಗತೊಡಗಿದ.

“ಭಾವ, ನಿಮ್ಮ ತಮ್ಮ ಎಂ.ಎ. ಓದ್ತಿರೋದು ಇದಕ್ಕೇನಾ? ಬರೆಯೋದು ಬರೆದ, ಟೀಮ್ ಹೆಸರಾದ್ರೂ ಸರಿಯಾಗಿ ಬರೀಬಾರ್ದಾ? ಅವ್ನು ಆ ಟೀಮಲ್ಲಿ ಇಲ್ಲವೇ ಇಲ್ಲ!”

“ಬದಲಾಯಿಸಿದೀನಿ ಅಂತ ಅವ್ನೇ ಬರೆದವ್ನಲ್ಲ ಭಾವ.”

“ಪೇಪರ್‌ನೋರಿಗೆ ಗೊತ್ತಿಲ್ದೆ ಇರೋದು ಗುಬ್ಬಿ ಸೈಕಲ್ ಶಾಪಿಗೆ ಗೊತ್ತಾಯ್ತಾ? ಸ್ಟಾಂಪೆಲ್ಲಿ?”

“ಪೋಸ್ಟ್‌ಮ್ಯಾನ್ ಮಗನಿಗೆ ಕೊಟ್ಟೆ.”

ಜಗಲಿಯವರೆಲ್ಲ ತೊಡೆ ತಟ್ಟಿ ನಕ್ಕರು. “ಮೈಸೂರಲ್ಲಿ ಡಬ್ಬಿಗೆ ಹಾಕಿದ್ರೂ ಗುಬ್ಬಿ ಮುದ್ರೆ ಬೀಳುತ್ತೆ ಬುಡಿ ಭಾವ.” ಕ್ಯಾಪ್ಟನ್ ನನ್ನ ಕಡೆ ತಿರುಗಿದ. “ನೀನೇ ಹೇಳಯ್ಯ, ನಿಂದೇ ತಾನೇ?”

ನಾನು ಅಲ್ಲವೆನ್ನಲಿಲ್ಲ. ಜಾಣನೆಂದು ಹೊಗಳಿದರೆಂಬ ಹಾಗೆ ಸುಮ್ಮನೆ ನಕ್ಕೆ. ಇದಕ್ಕೆ ಯಾವ ಅನುಮಾನವೂ ಇಲ್ಲ, ಆ ನಗು ನನಗೆ ಸರಿಯಾಗಿ ನೆನಪಿದೆ. ಹಾಸ್ಟೆಲಿಗೆ ಹೋದ ಮೇಲೆ ಇನ್ನೂ ಮುಂದೆ ಹೋದೆ. ಅಣ್ಣನಿಗೆ ಹೇಗೆ ವಿಲಾಯ್ತಿ ಕಾಗದ ಸೃಷ್ಟಿಸಿಕೊಟ್ಟೆ ಎಂದು ಗೆಳೆಯರಿಗೆ ಕಥೆ ಹೇಳಿದೆ. ಅವರು ನಕ್ಕಷ್ಟೂ ಮೇಜು, ನೀಲಿ ಶಾಯಿ, ವಾಲಿಸಿದ ಅಕ್ಷರಗಳೆಲ್ಲ ಸೇರುತ್ತ ಹೋದವು. ಕೆಲವು ವರ್ಷಗಳಲ್ಲಿ ಆ ಕಥೆ ನನ್ನ ನೆನಪೇ ಆಗಿಬಿಟ್ಟಿತು.

ಮುಂದಿನ ವರ್ಷ ಕುಣಿಗಲ್‌ನ ಫಾರ್ವರ್ಡ್ ಕಾಲು ಮುರಿದುಕೊಂಡ. ಕ್ಯಾಪ್ಟನ್ ತಾನೇ ಹಸಿರು ಬನಿಯನ್ ಹಿಡಿದುಕೊಂಡು ಗುಬ್ಬಿಗೆ ಬಂದ. ಅಣ್ಣ ಟ್ಯೂಬಿಗೆ ಪ್ಯಾಚ್ ಒತ್ತುತ್ತಿದ್ದ. ಕೈ ಒರೆಸಿಕೊಂಡು ಬನಿಯನ್ ಮುಟ್ಟಿ ನೋಡಿದ.

“ಆ ಕಾಗದ ನಿಜ ಅಂತ ಒಂದು ಮಾತು ಹೇಳಿ ಭಾವ. ಈಗ್ಲೇ ಬರ್ತೀನಿ.”

“ಅದೇನು ಭಾವ, ಇನ್ನೂ ಅದೇ ಹಿಡ್ಕೊಂಡಿದೀರಾ? ಆಯ್ತು, ನಿಜ ಅನ್ಕೊಳಿ.”

“ಅನ್ಕೊಳಿ ಅಂದ್ರೆ ಆಗಲ್ಲ. ನೀವು ನಂಬಬೇಕು.”

ಕ್ಯಾಪ್ಟನ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದು ಅವನ ದೊಡ್ಡ ಗುಣ. ಬನಿಯನ್ ಮಡಿಸಿಕೊಂಡು ಹೊರಟ. ಅಣ್ಣ ಅವರ ಚೆಂಡಿನ ಬ್ಲಾಡರ್ ಮಾತ್ರ ಮಾಮೂಲಿನಂತೆ ರಿಪೇರಿ ಮಾಡಿಕೊಟ್ಟ. ಮಂಡಿ ಸೋಲುವವರೆಗೂ ಮೂರು ತಂಡಗಳಿಗೆ ಆಡಿದ. ನಾಲ್ಕನೆಯದಕ್ಕೆ ಆಡಲೇ ಇಲ್ಲ. ವಾಚನಾಲಯಕ್ಕೆ ಹೋಗುವುದನ್ನೂ ಬಿಟ್ಟಿದ್ದ. ಜಗಲಿಯ ಆ ನಗೆಯ ಮರುದಿನದಿಂದ ಡೈರಿ ಖಾಲಿ.

ಈಗ ಅಣ್ಣ ತುಮಕೂರಿನ ಸದಾಶಿವನಗರದಲ್ಲಿದ್ದಾನೆ. ಹೋದ ವರ್ಷ ಅತ್ತಿಗೆ ಟ್ರಂಕ್ ಖಾಲಿ ಮಾಡುವಾಗ ಡೈರಿ, ಅದರೊಳಗೆ ಆ ಕಾಗದವಿದ್ದ, ಮೂಲೆ ಕತ್ತರಿಸಿದ ಲಕೋಟೆ ಸಿಕ್ಕಿತು. ನಾನು ತಡೆಯಲಾರದೆ ಅಣ್ಣನಿಗೆ ಹಾಸ್ಟೆಲಿನ ಕಥೆಯನ್ನು ಹೇಳಿದೆ. ನಾನೇ ಬರೆದಿದ್ದರೂ ಬರೆದಿರಬಹುದು, ನನಗೆ ಗೊತ್ತಿಲ್ಲ ಎಂದೆ.

ಅಣ್ಣನಿಗೆ ಬೇಜಾರಾದಂತೆ ಕಾಣಲಿಲ್ಲ. “ನೀನು ಬರೆದಿರೋದಲ್ಲ ಕಣೋ. ನೀನು ಬರೆದಿದ್ರೆ ಅಷ್ಟು ಸಲೀಸಾಗಿ ಇರ್ತಿರ್ಲಿಲ್ಲ.”

“ಹಂಗಾದ್ರೆ ಹಸಿರು ಬನಿಯನ್ ಯಾಕೆ ಬಿಟ್ಟೆ ಅಣ್ಣ? ಹಾಕ್ಕೊಂಡು ಆಡಬಹುದಿತ್ತಲ್ಲ.”

“ಹಾಕ್ಕೊಂಡಿದ್ರೆ ಆ ಕಾಗದ ಸುಳ್ಳು ಅಂತ ನಾನೂ ಒಪ್ಪಿದಂಗೆ ಆಗ್ತಿತ್ತು. ಅಷ್ಟು ದೂರದಿಂದ ಬರೆದವ್ನೆ, ಪಾಪ.”

ನನ್ನ ಡಿಗ್ರಿಗಳನ್ನೆಲ್ಲ ಒಟ್ಟು ಮಾಡಿದರೂ ಆ ಮಾತಿನ ತೂಕಕ್ಕೆ ಬರುವುದಿಲ್ಲ. ಇಂಥವನ ತಮ್ಮನೆಂದು ಈಗ ಯಾರು ಕೇಳಿದರೂ ಎದೆಯುಬ್ಬಿಸಿ ಹೇಳುತ್ತೇನೆ. ಆದರೆ ನಾನು ಸಾಕ್ಷ್ಯ ಬೇಕೆನ್ನುವವನು. ಮಾರನೆಯ ವಾರ ಬೆಂಗಳೂರಿಗೆ ಹೋಗಿ, ಕ್ಯಾಪ್ಟನ್ ಓದುತ್ತಿದ್ದ ಅದೇ ಪತ್ರಿಕೆಯ ಹಳೆಯ ಸಂಪುಟಗಳನ್ನು ಒಂದು ಗ್ರಂಥಾಲಯದಲ್ಲಿ ತೆಗೆಸಿ, ಆ ವರ್ಷದ ದಸರೆಯ ಆಚೀಚಿನ ಎಲ್ಲ ಸಂಚಿಕೆಗಳ ಆಟದ ಪುಟಗಳನ್ನು ಎರಡು ದಿನ ಕೂತು ನೋಡಿದೆ.

ವೇಲ್ಸ್‌ನವನ ಹೆಸರು ಕಾಗದದಲ್ಲಿದ್ದ ಹೊಸ ಕ್ಲಬ್ಬಿನ ಜತೆ ಆ ಪತ್ರಿಕೆಯಲ್ಲಿ ಮೊದಲ ಸಲ ಅಚ್ಚಾದದ್ದು ಅವನು ಅಲ್ಲಿ ಹೊಡೆದ ಮೊದಲ ಗೋಲಿನ, ಸುಲಭವಾಗಿ ಕಣ್ತಪ್ಪುವಂಥ ಒಂದು ಸಾಲಿನ ಸುದ್ದಿಯಲ್ಲಿ, ಲಕೋಟೆಯ ಹಿಂಬದಿಗೆ ಗುಬ್ಬಿಯ ಮುದ್ರೆ ಬಿದ್ದ ಹದಿನಾರು ದಿನಗಳ ನಂತರ.